ನಾನೇ ಟೈಪ್ ಮಾಡಿದ ತಪ್ಪು

ಉಡುಪಿಯ ಒಂದು ಮುದ್ರಣಾಲಯದಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುವವಳು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ರಶೀದಿ ಪುಸ್ತಕ, ಶಾಲೆಗಳ ಸ್ಮರಣ ಸಂಚಿಕೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಬೆರಳಲ್ಲಿ ಬೇರೆಯವರ ಮಾತೇ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಅದೇ ಬೆರಳು ಕನ್ನಡ ವಿಕಿಪೀಡಿಯದ ಕಡೆ ಹೋಗುತ್ತದೆ. "ಹಗಲಿಡೀ ಕುಟ್ಟಿದ್ದು ಸಾಲದಾ?" ಎಂದು ಇವರು ಕೇಳುವುದನ್ನು ಬಿಟ್ಟು ಐದಾರು ವರ್ಷ ಆಯಿತು.

ಶುರುವಾದದ್ದು 2016ರಲ್ಲಿ. ಆ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಹೊರಗೆ ಬಂದಿತ್ತು. ಅದಕ್ಕೆ ಮೊದಲು ಎಷ್ಟೋ ವರ್ಷ ಅದು ಹೊಸ ಭಾಷೆಯ ವಿಕಿಪೀಡಿಯಗಳನ್ನು ಬೆಳೆಸಿ ನೋಡುವ ಇನ್‌ಕ್ಯುಬೇಟರಿನಲ್ಲಿ ಇತ್ತಂತೆ, ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಹೆಸರೇ ಅದಕ್ಕೂ. ಮಂಗಳೂರಿನ ಒಂದು ಕಾಲೇಜಿನಲ್ಲಿ ಭಾನುವಾರ ತರಬೇತಿ ಉಂಟೆಂದು ಗೊತ್ತಾಗಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಹೋದೆ. ತುಳುವಿಗೆಂದು ಹೋದವಳು ಕನ್ನಡದಲ್ಲಿ ಉಳಿದೆ. ತುಳು ನನಗೆ ಬಾಯಿಯ ಭಾಷೆ, ಬೆರಳಿನ ಭಾಷೆ ಕನ್ನಡ.

ಮೊದಲು ಕೈಹಾಕಿದ್ದು ಶಂಕರಪುರ ಮಲ್ಲಿಗೆಗೆ. ನನ್ನ ತವರು ಅದೇ ಬದಿಯಲ್ಲಿ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಚಾವಡಿಯಲ್ಲಿ ಬಾಳೆನಾರು ನೆನೆಹಾಕಿ, ಅಮ್ಮ ಎಣಿಸದೆ ಕಟ್ಟುತ್ತಿದ್ದದ್ದು ನೋಡಿಯೇ ಬೆಳೆದವಳು ನಾನು. ಎಣಿಸದೆ ಅಂದರೆ ಬಾಯಲ್ಲಿ ಎಣಿಸದೆ. ಕೈಗೆ ಲೆಕ್ಕ ಗೊತ್ತಿತ್ತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ಬೇರೆ, ಅದನ್ನು ಗೊತ್ತುಮಾಡುವುದು ಶಂಕರಪುರದ ಹೂವಿನ ಕಟ್ಟೆಯಲ್ಲೇ. ಇದನ್ನೆಲ್ಲ ಒಂದೇ ರಾತ್ರಿ ಬರೆದು ಪ್ರಕಟಿಸಿ ಮಲಗಿದೆ. ಎರಡು ದಿನ ಬಿಟ್ಟು ನೋಡಿದರೆ ಮೂರರಲ್ಲಿ ಒಂದು ಪಾಲು ಮಾಯ. ಉಳಿದ ಸಾಲುಗಳ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ "ಸಾಕ್ಷ್ಯಾಧಾರ ಬೇಕಾಗಿದೆ", "ಸಾಕ್ಷ್ಯಾಧಾರ ಬೇಕಾಗಿದೆ". ನನ್ನ ಲೇಖನಕ್ಕೆ ಯಾರೋ ನೋಟೀಸು ಅಂಟಿಸಿ ಹೋದ ಹಾಗೆ.

ಕೋಪ ಬಂತು. ಚರ್ಚೆ ಪುಟಕ್ಕೆ ಹೋಗಿ ಬರೆದೆ: "ನಮ್ಮ ಅಮ್ಮ ನಲವತ್ತು ವರ್ಷ ಮಲ್ಲಿಗೆ ಕಟ್ಟಿದ್ದಾರೆ. ಇನ್ನು ನಿಮಗೆ ಎಂಥ ಆಧಾರ ಬೇಕು?"

ಉತ್ತರ ಅದೇ ರಾತ್ರಿ ಬಂತು. "ಅಕ್ಕ, ನಿಮ್ಮ ಅಮ್ಮನ ಲೆಕ್ಕ ಸರಿಯೇ ಇರಬಹುದು. ನಾಳೆ ಇನ್ನೊಬ್ಬರು ಬಂದು ನಮ್ಮಮ್ಮ ಚೆಂಡಿಗೆ ಸಾವಿರ ಹೂ ಕಟ್ಟುತ್ತಿದ್ದರು ಅಂದರೆ ನಾವು ಯಾರ ಅಮ್ಮನನ್ನು ನಂಬುವುದು?"

ಬರೆದವನು ತರಬೇತಿಯ ದಿನ ವೈರು ಎಳೆದುಕೊಂಡು ಓಡಾಡುತ್ತಿದ್ದ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಇಷ್ಟು ಚಿಕ್ಕವನ ಹತ್ತಿರ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಎರಡು ವಾರ ಆ ಕಡೆ ತಲೆಹಾಕಲಿಲ್ಲ. ಆಮೇಲೆ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಒಂದು ಪುರವಣಿಯಲ್ಲಿ 800ರ ಲೆಕ್ಕ ಸಿಕ್ಕಿತು. "ಉಡುಪಿ ಮಲ್ಲಿಗೆ" ಎಂಬ ಹೆಸರಿಗೆ ಭೌಗೋಳಿಕ ಸೂಚಕ, ಅಂದರೆ ಈ ಊರಿನದ್ದೇ ಎಂಬ ಸರಕಾರಿ ಗುರುತು, ಸಿಕ್ಕ ಸುದ್ದಿಯೂ ಸಿಕ್ಕಿತು. ಅಳಿಸಿದ ಸಾಲು ಒಂದೊಂದೇ ಹಿಂದೆ ಬಂತು. ಅವತ್ತಿನ ಅಟ್ಟೆಯ ದರ ಮಾತ್ರ ಬರಲಿಲ್ಲ. ನಾಳೆಗೆ ಸುಳ್ಳಾಗುವ ಅಂಕಿಗೆ ವಿಶ್ವಕೋಶದಲ್ಲಿ ಏನು ಕೆಲಸ, ಅದು ನನಗೂ ಸರಿ ಕಂಡಿತು.

ನನ್ನ ದೊಡ್ಡ ಕಷ್ಟ ಆಧಾರದ್ದಲ್ಲ, ವಿಶೇಷಣದ್ದು. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ನೋಡಿದವರಿಗೆ ಗೊತ್ತು. "ಇತಿಹಾಸ ಪ್ರಸಿದ್ಧ" ಇಲ್ಲದ ದೇವಸ್ಥಾನ ಇಲ್ಲ, "ಕಾರಣಿಕದ" ಅಲ್ಲದ ದೈವ ಇಲ್ಲ, "ಕೊಡುಗೈ ದಾನಿ" ಅಲ್ಲದ ಅಧ್ಯಕ್ಷರಿಲ್ಲ. ಕೆಲವರು ಬರೆಯಲು ಮರೆತರೂ ನಾನೇ ಸೇರಿಸಿ ಪ್ರೂಫ್ ಕೊಡುತ್ತೇನೆ, ಯಾರೂ ಬೇಡ ಅಂದದ್ದಿಲ್ಲ. ಹಗಲು ಸೇರಿಸಿದ್ದನ್ನು ರಾತ್ರಿ ಅಳಿಸುವುದು ನನ್ನ ಬಾಳು. ದೇವಸ್ಥಾನಗಳ ಲೇಖನ ತೆರೆದು "ಇತಿಹಾಸ ಪ್ರಸಿದ್ಧ" ತೆಗೆದು, ಆ ಜಾಗಕ್ಕೆ ಯಾವ ಶತಮಾನದ ಯಾವ ಶಾಸನ ಎಂದು ಹುಡುಕಿ ಹಾಕಬೇಕು. ಶಾಸನ ಸಿಗದಿದ್ದರೆ ಊರು, ತಾಲೂಕು, ಜಾತ್ರೆಯ ತಿಂಗಳು, ಅಷ್ಟೇ.

ಅಕ್ಷರದ್ದು ಇನ್ನೊಂದು ಕಥೆ. ಮುದ್ರಣಾಲಯದ ಹಳೆಯ ಕಡತಗಳೆಲ್ಲ 'ನುಡಿ' ತಂತ್ರಾಂಶದ ಹಳೆ ಫಾಂಟುಗಳಲ್ಲಿ ಇರುವುದು. ಪರದೆಯಲ್ಲಿ ಕನ್ನಡವಾಗಿ ಕಂಡರೂ ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂತೆ. ನಕಲು ಮಾಡಿ ವಿಕಿಪೀಡಿಯಕ್ಕೆ ಅಂಟಿಸಿದರೆ ಪೌಂಡಿನ ಗುರುತು, ಸೊನ್ನೆ ತಲೆಯ ಎ, ಬಾಲದ ಸಿ ಉದುರುತ್ತವೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡಿಗೆ ಪರಿವರ್ತಿಸಿದ ಮೇಲೂ ಕಣ್ಣಿಡಬೇಕು, ಅರ್ಕಾವತ್ತು ಸ್ಥಳ ತಪ್ಪಿ ಪಕ್ಕದ ಅಕ್ಷರಕ್ಕೆ ಏರಿ ಕೂತಿರುತ್ತದೆ. ಇದು ನನಗೆ ಗೊತ್ತಿದ್ದದ್ದರಿಂದ ಬಳಗದಲ್ಲಿ ನನಗೊಂದು ಸ್ಥಾನ ಸಿಕ್ಕಿತು. "ಸಾಫ್ಟ್‌ವೇರ್" ಬರೆಯುವಾಗ ಟಕಾರಕ್ಕೂ ವಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕದಿದ್ದರೆ ಎರಡೂ ಒತ್ತಿಕೊಂಡು ಒಂದೇ ಗಂಟಾಗುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಒಂದೇ ವಿಷಯಕ್ಕೆ ಎರಡು ಲೇಖನ ಹುಟ್ಟುತ್ತವೆ. ಅಂಥ ಅವಳಿಗಳನ್ನು ಹುಡುಕಿ, ಒಂದರ ಸಾರವನ್ನು ಇನ್ನೊಂದಕ್ಕೆ ಸೇರಿಸಿ, ಖಾಲಿಯಾದ ಪುಟ ತೆರೆದವರು ಇನ್ನೊಂದಕ್ಕೆ ಹೋಗುವಂತೆ ಪುನರ್ನಿರ್ದೇಶನ ಮಾಡುವುದರಲ್ಲೇ ಒಂದು ಇಡೀ ಮಳೆಗಾಲ ಕಳೆದೆ.

ಬಳಗ ಅಂದೆನಲ್ಲ, ಅದು ನಾಲ್ಕು ಜನ. ನಾನು, ಸುರತ್ಕಲ್ಲಿನ ಹುಡುಗ, ಬ್ರಹ್ಮಾವರದ ಬದಿಯ ಒಬ್ಬರು ನಿವೃತ್ತ ಕನ್ನಡ ಮಾಸ್ಟ್ರು, ಮುಂಬೈಯಲ್ಲಿರುವ ಕಾಪುವಿನವರೊಬ್ಬರು. ಮುಂಬೈಯವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಮಾಸ್ಟ್ರು ಬರೆಯುವುದು ಕಾಗದದ ಮೇಲೆ, ಅದರ ಫೋಟೊ ತೆಗೆದು ಕಳಿಸುತ್ತಾರೆ, ನಾನು ಟೈಪ್ ಮಾಡುತ್ತೇನೆ, ಹುಡುಗ ವರ್ಗ, ಟೆಂಪ್ಲೇಟು, ಕೊಂಡಿ ಸರಿಮಾಡುತ್ತಾನೆ, ಮುಂಬೈಯವರು ಜಗಳ ಮಾಡುತ್ತಾರೆ. ಜಗಳ ಮಾಡುವವರು ಒಬ್ಬರು ಬೇಕೇ ಬೇಕು. ಒಮ್ಮೆ ಒಂದು ಪುಟ ಮುಗಿಯಲು ಒಂದೂವರೆ ತಿಂಗಳು ಹಿಡಿದಾಗ ಮಾಸ್ಟ್ರು ಹೇಳಿದರು, "ಕಾರಂತರು ಒಬ್ಬರೇ ಕೂತು ಮಕ್ಕಳ ವಿಶ್ವಕೋಶ 'ಬಾಲಪ್ರಪಂಚ' ಮೂರು ಸಂಪುಟ ಮಾಡಿದರು. ನಾವು ನಾಲ್ಕು ಜನ ಸೇರಿ ಒಂದು ಪುಟ."

ಕಾರಂತರ ಮಾತು ಬಂತೆಂದು ಹೇಳುತ್ತೇನೆ. ಕರಾವಳಿಯ ಹಳೆಯ ಸಾಹಿತಿಗಳ ಪುಟಗಳಲ್ಲಿ ಹುಟ್ಟಿದ ಊರಿನದ್ದು ಮುಗಿಯದ ಪಂಚಾಯಿತಿ. ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟುವಾಗ ಉಡುಪಿ ಜಿಲ್ಲೆಯೂ ಇಲ್ಲ, ಕರ್ನಾಟಕ ಎಂಬ ರಾಜ್ಯವೂ ಇಲ್ಲ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿ. ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ, ಕಾರಂತರು ತೀರಿಕೊಂಡದ್ದು ಅದೇ ವರ್ಷ ಡಿಸೆಂಬರಿನಲ್ಲಿ. "ಮದ್ರಾಸ್" ಎಂದು ಕಂಡ ಕೂಡಲೇ ಯಾರೋ ಅಭಿಮಾನದಿಂದ "ಕರ್ನಾಟಕ" ಮಾಡುತ್ತಾರೆ, ಇನ್ಯಾರೋ ಹಿಂದೆ ತರುತ್ತಾರೆ. ಇಂಥದ್ದರಲ್ಲಿ ನಮ್ಮ ಒಪ್ಪಂದ ಇಷ್ಟೇ: ಹುಟ್ಟಿದ ಕಾಲದ ಹೆಸರು ಮೊದಲು, "ಈಗಿನ ಉಡುಪಿ ಜಿಲ್ಲೆ" ಆಮೇಲೆ. ತಿದ್ದಿದವರ ಚರ್ಚೆ ಪುಟದಲ್ಲಿ ಇದನ್ನು ವಿವರಿಸಿ ಒಂದು ಸಾಲು ಬರೆಯುತ್ತೇವೆ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರನ್ನು ಮುಂಬೈಯವರಿಗೆ ಬಿಡುತ್ತೇವೆ.

ಹಳೆಯ ಪುಸ್ತಕಗಳನ್ನು ಜಾಲದಲ್ಲಿಡುವ ವಿಕಿಸೋರ್ಸಿನ ಕಡೆಗೂ ಸ್ವಲ್ಪ ಕಾಲಿಟ್ಟಿದ್ದೇವೆ. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಕವಿ ಗೋವಿಂದ ಪೈಯವರು ಹೋದದ್ದು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಬರಹ 2024ರ ಜನವರಿ 1ಕ್ಕೆ ಎಲ್ಲರದ್ದೂ ಆಯಿತು. ಮಾಸ್ಟ್ರು ಆ ದಿನ ಬೆಳಿಗ್ಗೆ ಆರು ಗಂಟೆಗೇ ಫೋನ್ ಮಾಡಿದ್ದರು, ಹೊಸ ವರ್ಷದ ಶುಭಾಶಯ ಹೇಳಲಿಕ್ಕಲ್ಲ.

ಚಿತ್ರದ್ದೊಂದು ಹೇಳಿಬಿಡುತ್ತೇನೆ. ಅಮ್ಮನ ಮಡಿಲಲ್ಲಿದ್ದ ಮಲ್ಲಿಗೆಯ ಒಂದು ಚೆಂಡಿನ ಫೋಟೊ ತೆಗೆದು ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸಿಗೆ ಹಾಕಿದ್ದೆ. ತೆಗೆದವರ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂಬ ಪರವಾನಗಿ ಅದು, ಒಪ್ಪಿಯೇ ಹಾಕಿದ್ದು. ಒಂದು ವರ್ಷ ಬಿಟ್ಟು ಹೂವಿನ ಅಲಂಕಾರದವರೊಬ್ಬರು ವಿಸಿಟಿಂಗ್ ಕಾರ್ಡು ಮಾಡಿಸಲು ನಮ್ಮಲ್ಲಿಗೇ ಬಂದರು. ಪೆನ್‌ಡ್ರೈವಿನಲ್ಲಿ ಅದೇ ಚೆಂಡು. ಸೀರೆಯ ಅಂಚು ನೋಡಿ ಗುರುತು ಹಿಡಿದೆ. "ಇದರಡಿ ನನ್ನ ಹೆಸರು ಹಾಕ್ಬೇಕು" ಅಂದರೆ ಅವರು ನಕ್ಕು, "ಕಾರ್ಡಿನಲ್ಲಿ ನನ್ನ ಹೆಸರಿಗೇ ಜಾಗ ಇಲ್ಲ ಮಾರಾಯ್ತಿ" ಅಂದರು. ಎರಡು ಪಾಯಿಂಟಿನಲ್ಲಿ ಅಂಚಿಗೆ ಹಾಕಿದೆ. ಓದಲಿಕ್ಕೆ ಭೂತಗನ್ನಡಿ ಬೇಕು.

ಇನ್ನು ನಾನೇ ತಪ್ಪಾಗಿ ಟೈಪ್ ಮಾಡಿದ ಒಂದು ಇಸವಿಯ ವಿಷಯ.

ಆಧಾರದ ರುಚಿ ಹತ್ತಿದ ಮೇಲೆ ನನಗೊಂದು ನಿಧಿ ಸಿಕ್ಕಿತ್ತು: ನಮ್ಮ ಮುದ್ರಣಾಲಯದ ಅಟ್ಟ. ಅಲ್ಲಿ ನಾವು ಅಚ್ಚುಹಾಕಿದ ಪ್ರತಿ ಸ್ಮರಣ ಸಂಚಿಕೆಯ ಒಂದೊಂದು ಪ್ರತಿ ಇಟ್ಟಿರುತ್ತಾರೆ. ಶಾಲೆ, ಸೊಸೈಟಿ, ಮೇಳ, ಯುವಕ ಮಂಡಲ. ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಆರು ಸಂಪುಟ ಸಿಗುತ್ತದೆ, ಇವು ಎಲ್ಲಿಯೂ ಸಿಗುವುದಿಲ್ಲ. ಊಟದ ಹೊತ್ತಿನಲ್ಲಿ ಏಣಿ ಇಟ್ಟು ಹತ್ತಿ ಎರಡೆರಡು ಇಳಿಸಿ, ಊರುಗಳ ಪುಟಗಳಿಗೆ ಒಂದೊಂದು ಸಾಲು, ಒಂದೊಂದು ಉಲ್ಲೇಖ ಸೇರಿಸುತ್ತಾ ಹೋದೆ. ಪುಟಸಂಖ್ಯೆ ಸಮೇತ. ಹೆಮ್ಮೆಯೂ ಇತ್ತು.

ಎರಡು ವರ್ಷದ ಹಿಂದೆ ಒಂದು ಊರಿನ ಯುವಕ ಮಂಡಲದ ಸಂಚಿಕೆ ನಮ್ಮಲ್ಲಿಗೆ ಬಂತು. "ನಮ್ಮೂರು" ಎಂಬ ಪುಟದಲ್ಲಿ, ಇಲ್ಲಿನ ಶಾಲೆ 1943ರಲ್ಲಿ ಆರಂಭವಾಯಿತು ಎಂದಿತ್ತು. ಹಾಗೇ ಟೈಪ್ ಮಾಡಿದೆ. ಪ್ರೂಫ್ ನೋಡಲು ಹುಡುಗರ ಜೊತೆ ಆ ಊರಿನ ಒಬ್ಬ ಅಜ್ಜ ಬಂದಿದ್ದರು. ಕನ್ನಡಕ ಮೇಲೆತ್ತಿ ಓದುತ್ತಾ ಹೋದವರು ಅಲ್ಲಿ ನಿಂತರು.

"ಸಾವಿರದ ಒಂಬೈನೂರ ನಲವತ್ತಮೂರಾ? ನಲವತ್ತರಲ್ಲಿ ನನ್ನ ಅಣ್ಣ ಅಲ್ಲಿ ಒಂದನೇ ಕ್ಲಾಸಿಗೆ ಹೋಗ್ತಿದ್ದ. ಶಾಲೆ ಇಲ್ಲದೆ ಎಲ್ಲಿಗೆ ಹೋಗ್ತಿದ್ದ ಹಾಗಾದ್ರೆ?"

"ವಿಕಿಪೀಡಿಯದಲ್ಲಿ ಉಂಟಲ್ಲ ಅಜ್ಜ" ಎಂದು ಹುಡುಗ ಫೋನು ತೋರಿಸಿದ. ಉಂಟು. ಸಾಲಿನ ಕೊನೆಗೆ ಉಲ್ಲೇಖವೂ ಉಂಟು: ಆ ಶಾಲೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆ, 2009. ತಿದ್ದುಪಡಿಗಳ ಇತಿಹಾಸದ ಪುಟ ತೆರೆದು ಸೇರಿಸಿದವರು ಯಾರೆಂದು ನೋಡಿದೆ. ನಾನೇ. ಅಟ್ಟ ಹತ್ತಿ ಸಂಚಿಕೆ ಇಳಿಸಿದೆ. ಒಳಪುಟದಲ್ಲಿ 1943 ಸ್ಪಷ್ಟವಾಗಿತ್ತು. ಅಕ್ಷರ ಜೋಡಣೆ ಯಾರದ್ದು? ಅದೂ ನನ್ನದೇ. ಹಳೆಯ ಹೆಡ್‌ಮಾಸ್ಟ್ರು ಇಡೀ ಹಸ್ತಪ್ರತಿಯನ್ನು ಕನ್ನಡ ಅಂಕಿಯಲ್ಲಿ ಬರೆದುಕೊಟ್ಟದ್ದು, ಇಂಗ್ಲಿಷ್ ಅಂಕಿಗೆ ತಿರುಗಿಸುತ್ತಾ ನಾನು ಗೊಣಗಿದ್ದು ನೆನಪಿಗೆ ಬಂತು. ಹಸ್ತಪ್ರತಿ ಈಗ ಇಲ್ಲ. ಆದರೆ ನನ್ನ ಬೆರಳಿನ ಗುಣ ನನಗೆ ಗೊತ್ತು, ಜೋಡಿ ಅಂಕಿ ಅದಲುಬದಲು ಮಾಡುವುದು ಅದರ ಹಳೇ ಚಾಳಿ. 34 ಇದ್ದದ್ದು 43 ಆಗಿದೆ.

ಚರ್ಚೆ ಪುಟದಲ್ಲಿ ಎಲ್ಲವನ್ನೂ ಒಪ್ಪಿಕೊಂಡು ಬರೆದೆ. ಹುಡುಗ (ಈಗ ಬೆಂಗಳೂರಿನಲ್ಲಿ ಕೆಲಸ, ಆದರೂ ನನಗೆ ಹುಡುಗನೇ) ಕೇಳಿದ, "ಅಕ್ಕ, ಅದನ್ನು ನೀವೇ ತಪ್ಪಾಗಿ ಟೈಪ್ ಮಾಡಿದ್ದು ಅನ್ನುವುದಕ್ಕೆ ಆಧಾರ?" ತಮಾಷೆಗೇ ಕೇಳಿದ್ದು, ಆದರೆ ನಿಯಮವೂ ಅದೇ. ಅಮ್ಮನ ಮಾತು ನಡೆಯದ ಕಡೆ ನನ್ನ ಮಾತು ನಡೆದೀತೇ? ಆಗ ನಾನು ಲೆಕ್ಕ ಹಾಕಿ ತೋರಿಸಿದೆ: ಅದೇ ಸಂಚಿಕೆಯ ಮುಖಪುಟದಲ್ಲಿ ಅಮೃತ ಮಹೋತ್ಸವ 2009 ಎಂದಿದೆ, 75 ಕಳೆದರೆ 1934. ಕೂಡಿಸಿ ಕಳೆಯುವುದು ಸ್ವಂತ ಸಂಶೋಧನೆ (ಆಧಾರವಿಲ್ಲದೆ ನಾವೇ ಕಟ್ಟಿದ ತೀರ್ಮಾನ) ಆಗುವುದಿಲ್ಲ, ಅಷ್ಟಕ್ಕೆ ವಿಕಿಪೀಡಿಯ ಒಪ್ಪುತ್ತದೆ. ಮುಂಬೈಯವರು ಒಪ್ಪಬೇಕಲ್ಲ. "ನಮ್ಮ ಕಡೆ ಅಮೃತ ಮಹೋತ್ಸವ ಆಗುವುದು 75 ತುಂಬಿದ ವರ್ಷ ಅಲ್ಲ, ದುಡ್ಡು ಕೂಡಿದ ವರ್ಷ" ಎಂದು ಬರೆದರು. ಅಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಕೊನೆಗೆ ಮಾಸ್ಟ್ರೇ ಸ್ಕೂಟರು ಹತ್ತಿ ಆ ಶಾಲೆಗೆ ಹೋದರು. ಆಫೀಸಿನ ಕಬ್ಬಿಣದ ಕಪಾಟಿನ ಹಿಂದೆ ಗೋಡೆಯಲ್ಲಿ ಒಂದು ಕಲ್ಲು ಇತ್ತಂತೆ, ನಾಲ್ಕೈದು ಸಲ ಡಿಸ್ಟೆಂಪರ್ ಬಳಿದು ಅಕ್ಷರ ಮುಚ್ಚಿಹೋದದ್ದು. ಇಬ್ಬರು ಟೀಚರುಗಳು ಕಪಾಟು ಸರಿಸಿಕೊಟ್ಟರು. ಸೀಮೆಸುಣ್ಣದ ಹುಡಿ ತಿಕ್ಕಿದಾಗ ತಗ್ಗಿನಲ್ಲಿ ಅಕ್ಷರ ಎದ್ದಿತು. ಮಾಸ್ಟ್ರು ಕಳಿಸಿದ ಫೋಟೊ ನನ್ನ ಫೋನಿಗೆ ಬಂದದ್ದು ಮಧ್ಯಾಹ್ನ, ಒಂದು ಸೀಮಂತದ ಕಾಗದದ ನಡುವೆ. ದೊಡ್ಡದು ಮಾಡಿ ನೋಡಿದೆ. ಕನ್ನಡ ಅಂಕಿ, ೧೯೩೪.

ಅದರ ಮೇಲಿನ ಸಾಲನ್ನು ಆಮೇಲೆ ಓದಿದೆವು. ಅದು ಕಟ್ಟಡ ಕಟ್ಟಿಸಿದ ದಾನಿಯ ಹೆಸರಿನ ಕಲ್ಲು. ಕಟ್ಟಡದ ವರ್ಷ ಅದು, ಶಾಲೆಯದ್ದೆಂದು ಎಲ್ಲಿಯೂ ಇಲ್ಲ. ಅದಕ್ಕೂ ಮೊದಲು ಯಾರದೋ ಮನೆಯ ಚಾವಡಿಯಲ್ಲಿ ಪಾಠ ನಡೆದಿರಲೂಬಹುದು. ಹಾಗಾಗಿ ಆ ಊರಿನ ಪುಟದಲ್ಲಿ ಈಗ ಇರುವುದು ಹೀಗೆ: ಶಾಲೆಯ ಕಟ್ಟಡದ ಶಿಲಾಫಲಕದಲ್ಲಿ 1934 ಎಂದಿದೆ. ಅಡಿಯಲ್ಲಿ, 2009ರ ಸಂಚಿಕೆ 1943 ಎಂದು ಹೇಳುತ್ತದೆ ಎಂಬ ಟಿಪ್ಪಣಿ. ಮುದ್ರಣದೋಷ ಎಂದು ಬರೆಯಲು ಮುಂಬೈಯವರು ಬಿಡಲಿಲ್ಲ.

ಅಟ್ಟದಿಂದ ಇಳಿಸಿ ನಾನು ಉಲ್ಲೇಖ ಹಾಕಿದ ಬೇರೆ ಸಂಚಿಕೆಗಳೂ ಉಂಟಲ್ಲ. ಒಟ್ಟು 23. ಪ್ರತಿಯೊಂದರ ಇಸವಿಯನ್ನೂ ಇನ್ನೊಂದು ಕಡೆ ತಾಳೆ ನೋಡುತ್ತಾ ಬರುತ್ತಿದ್ದೇನೆ, ಹನ್ನೊಂದಕ್ಕೆ ಬಂದಿದ್ದೇನೆ. ಯುವಕ ಮಂಡಲದ ಸಂಚಿಕೆ ಕಲ್ಲಿನ ಇಸವಿಯೊಂದಿಗೇ ಅಚ್ಚಾಯಿತು. ಆ ಪುಟದ ಪ್ರೂಫ್ ಅನ್ನು ಮೂರು ಸಲ ತೆಗೆಸಿ, ಅಂಕಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡು ನೋಡಿದೆ. ಪಕ್ಕದ ಮೇಜಿನವಳು ಮಂತ್ರ ಹೇಳುತ್ತಿದ್ದೇನೆಂದು ತಿಳಿದುಕೊಂಡಳು.