ಹಳೇ ಲ್ಯಾಪ್‌ಟಾಪಲ್ಲೇ ಮನೆ ರೆಕಾರ್ಡಿಂಗ್, ಆ ಪಟ್ ಪಟ್ ಸದ್ದು ಕೊನೆಗೂ ಹೋಯ್ತು (ನನ್ನ ಅನುಭವ)

"ಈ ಡಬ್ಬಾದಲ್ಲಿ ಆಗಲ್ಲ ಬಿಡು ಗುರು, ಒಂದು ಮ್ಯಾಕ್ ತಗೊಂಡು ಆರಾಮಾಗಿರು" ಅಂತ ಹೇಳ್ದೋರು ಒಬ್ರಿಬ್ರಲ್ಲ. ರಾಜಾಜಿನಗರದಲ್ಲಿ ಸ್ಟುಡಿಯೋ ಇಟ್ಕೊಂಡಿರೋ ನನ್ನ ಫ್ರೆಂಡಂತೂ ಸಿಕ್ಕಿದಾಗೆಲ್ಲ ಇದನ್ನೇ ಹೇಳ್ತಿದ್ದ. ಈಗ ಅದೇ ಡಬ್ಬಾದಲ್ಲಿ ನಮ್ಮ ಅತ್ತಿಗೆ ಹಾಡಿರೋ ಒಂಬತ್ತು ದೇವರನಾಮ ರೆಡಿಯಾಗಿ ಕೂತಿದೆ, ಒಂದೇ ಒಂದು ಪಟ್ ಇಲ್ಲ, ಹೆಡ್‌ಫೋನ್ ಹಾಕೊಂಡು ಹುಡುಕಿದ್ರೂ ಸಿಗಲ್ಲ. ಅದಕ್ಕೇ ಬರೀತಿದೀನಿ, ಸ್ವಲ್ಪ ಜಂಬ ಇದ್ರೆ ಕ್ಷಮಿಸಿ.

ಮಷೀನು ಐ3, ಎಂಟು ವರ್ಷ ಹಳೇದು, ಎಸ್‌ಪಿ ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರು) ಹಾಕಿಸಿದ ಎಸ್‌ಎಸ್‌ಡಿ (2,200ನೋ ಏನೋ ಆಯ್ತು), ಸೆಕೆಂಡ್ ಹ್ಯಾಂಡಲ್ಲಿ 5,500ಕ್ಕೆ ತಗೊಂಡ ಎರಡು ಚಾನೆಲ್ ಇಂಟರ್ಫೇಸು (ಮೈಕಿನ ದನಿನ ಲ್ಯಾಪ್‌ಟಾಪಿಗೆ ಕಳಿಸೋ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕು, ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್. ಜಾಗ ಹನುಮಂತನಗರದ ನಮ್ಮ ಮನೆ ಎರಡನೇ ಮಹಡಿ ರೂಮು, ಬೀರು ಬಾಗಿಲು ತೆಗೆದಿಟ್ಟು ಸೀರೆಗಳ ಕಡೆ ಮುಖ ಮಾಡಿ ಹಾಡ್ಸೋದು, ಬೆನ್ನ ಹಿಂದೆ ಎರಡು ರಜಾಯಿ. ಕೆಳಗಿನ ಮನೆ ಮೇಷ್ಟ್ರು ಮೃದಂಗ. ಇಂಟರ್ಫೇಸ್ ಜೊತೆ ಬಂದ ಡ್ರೈವರ್ ನನ್ನ ಮಷೀನಲ್ಲಿ ನಿಲ್ತಾನೇ ಇರ್ಲಿಲ್ಲ, ಹಂಗಾಗಿ ಏಸಿಯೋ ಫಾರ್ ಆಲ್ ಅನ್ನೋ ಬೇರೆ ಡ್ರೈವರ್ ಹಾಕೊಂಡಿದ್ದೆ, ಇದು ಮುಂದೆ ಕತೆಗೆ ಬೇಕಾಗುತ್ತೆ ನೆನಪಿಟ್ಕೊಳಿ.

ಕಾಯಿಲೆ ಏನಪ್ಪಾ ಅಂದ್ರೆ, ಬಫರ್ (ಒಂದ್ಸಲಕ್ಕೆ ಎಷ್ಟು ಸ್ಯಾಂಪಲ್, ಅಂದ್ರೆ ದನಿಯ ಚೂರು, ಕೂಡಿಟ್ಟು ಕಳಿಸ್ಬೇಕು ಅನ್ನೋ ಲೆಕ್ಕ) 128 ಇಟ್ರೆ ಮೂರ್ನಾಲ್ಕು ಸೆಕೆಂಡಿಗೊಂದು ಸಲ ಪಟ್. ಎಲ್ಲರೂ ಹೇಳೋ ಹಾಗೆ 1024ಕ್ಕೆ ಏರಿಸಿದೆ, ಆಗ ಪಟ್ ಕಮ್ಮಿ ಆಯ್ತು ಆದ್ರೆ ಪೂರ್ತಿ ಹೋಗ್ಲಿಲ್ಲ, ಮೇಲಾಗಿ ಅತ್ತಿಗೆಗೆ ಹೆಡ್‌ಫೋನಲ್ಲಿ ತಮ್ಮ ದನಿ ತಡವಾಗಿ ಕೇಳೋಕೆ ಶುರುವಾಯ್ತು. 48 ಕಿಲೋಹರ್ಟ್ಜಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 1024 ಅಂದ್ರೆ ಹೋಗೋದಕ್ಕೇ 21 ಮಿಲಿಸೆಕೆಂಡ್, ಬರೋದೂ ಸೇರಿದ್ರೆ 45 ದಾಟುತ್ತೆ. "ಯಾರೋ ಹಿಂದೆ ನಿಂತ್ಕೊಂಡು ನನ್ನ ಅಣಕಿಸ್ತಿರೋ ಹಾಗಿದೆ ಕಣೋ" ಅಂದ್ರು. ಡೈರೆಕ್ಟ್ ಮಾನಿಟರ್ (ದನಿನ ಇಂಟರ್ಫೇಸಿಂದಲೇ ನೇರ ಕಿವಿಗೆ ಕಳಿಸೋ ಗುಂಡಿ) ಒತ್ತು ಅಂತೀರ, ಗೊತ್ತು. ಒತ್ತಿದೆ, ಆದ್ರೆ ರಿವರ್ಬ್ (ಮಾರ್ದನಿ) ಇಲ್ದೆ ಒಣ ದನಿ ಕೇಳಿದ್ರೆ ಅತ್ತಿಗೆಗೆ ಮೇಲಿನ ಷಡ್ಜ ಹತ್ತೋದೇ ಇಲ್ಲ. ಕೊನೆಗೆ ಒಣ ದನಿ ಡೈರೆಕ್ಟಲ್ಲಿ, ಬರೀ ರಿವರ್ಬ್ ಮಾತ್ರ ರೀಪರಿಂದ ಕಳಿಸಿ (ಡ್ರೈ ಪೂರ್ತಿ ಸೊನ್ನೆ, ತಡವಾಗಿ ಬಂದ್ರೂ ರಿವರ್ಬ್ ಅಲ್ವಾ, ಯಾರಿಗೂ ಗೊತ್ತಾಗಲ್ಲ) ಆರು ತಿಂಗಳು ಹೇಗೋ ದಬ್ಬಿದೆ. ಆದ್ರೆ ಆ ಪಟ್ ಮಾತ್ರ ಹಂಗೇ ಇತ್ತು.

ದುಡ್ಡು ಸುರಿದಿದ್ದು ಕೇಳಿ. ಯುಎಸ್‌ಬಿ ಕೇಬಲ್ ಇರ್ಬೇಕು ಅಂತ ಹೊಸದು, 600. ರ‍್ಯಾಮ್ ಸಾಲ್ದು ಅಂದ್ರು, 4ರಿಂದ 8 ಮಾಡ್ಸಿದೆ, 1,800. ಕರೆಂಟ್ ಇರೋ ಯುಎಸ್‌ಬಿ ಹಬ್ ತಗೋ ಅಂದ್ರು, 1,500, ಅದನ್ನ ಈಗ ಫೋನ್ ಚಾರ್ಜ್ ಮಾಡೋಕೆ ಇಟ್ಕೊಂಡಿದೀನಿ. ವಿಂಡೋಸ್ ಎರಡು ಸಲ ಅಳಿಸಿ ಹಾಕ್ದೆ. ಫ್ರೆಂಡ್ ಹತ್ರ ಅವನ ದುಬಾರಿ ಇಂಟರ್ಫೇಸ್ ಬೇಡಿ ತಂದು ಚುಚ್ಚಿದೆ, ಅದರಲ್ಲೂ ಪಟ್, ಆಗ ಒಳಗೊಳಗೇ ಖುಷಿಯಾಯ್ತು, ನನ್ನದು ತಪ್ಪಿಲ್ಲ ಅಂತ. ಒಬ್ಬ ರಿಪೇರಿಯವನು ಮದರ್‌ಬೋರ್ಡೇ ಹೋಗಿದೆ ಸಾರ್, 7,500 ಆಗುತ್ತೆ ಅಂದ. ಅವತ್ತು ಕೊಟ್ಟಿದ್ರೆ ಅದೂ ದಂಡ ಆಗ್ತಿತ್ತು.

ಆಮೇಲೆ ಲೇಟೆನ್ಸಿಮಾನ್ ಹಾಕಿದ್ದು, ಯಾವ ಡ್ರೈವರ್ ಮಷೀನನ್ನ ತಡೆಹಿಡೀತಿದೆ ಅಂತ ತೋರಿಸೋ ಸಾಫ್ಟ್‌ವೇರ್. ಎಲ್ಲರೂ ಇದನ್ನ ಎರಡು ನಿಮಿಷ ಓಡಿಸಿ ಹಸಿರು ಬಂತು ಅಂತ ಮುಚ್ಚಿಬಿಡ್ತಾರೆ, ನಾನೂ ಮೊದಲು ಹಂಗೇ ಮಾಡಿದ್ದೆ. ಈ ಸಲ ಓಡಿಸಿಟ್ಟು ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದು, ಕಾಫಿ ಕುಡಿದು ಬಂದು ನೋಡ್ತೀನಿ, ಕೆಂಪೋ ಕೆಂಪು. ಡ್ರೈವರ್ಸ್ ಪಟ್ಟಿನ ಹೆಚ್ಚು ಸಮಯದ ಲೆಕ್ಕದಲ್ಲಿ ಜೋಡಿಸಿದ್ರೆ ಮೇಲೆ ಕೂತಿದ್ದು ಎನ್‌ಡಿಐಎಸ್, ಅಂದ್ರೆ ನೆಟ್‌ವರ್ಕು. ವೈಫೈ ಕಾರ್ಡಿನ ಡ್ರೈವರ್ ಆಗಾಗ ಪ್ರೊಸೆಸರನ್ನ ಹಿಡ್ಕೊಂಡು ಕೂತ್ಬಿಡ್ತಿತ್ತು, ಒಂದೊಂದ್ಸಲ 25, 30 ಮಿಲಿಸೆಕೆಂಡ್. ಈಗ ಗೊತ್ತಾಯ್ತಲ್ಲ 1024 ಯಾಕೆ ಸಾಲ್ಲಿಲ್ಲ ಅಂತ, 21ರ ಕೊಡದಲ್ಲಿ 30ರ ನೀರು ಹಿಡಿಯಲ್ಲ. ಏರೋಪ್ಲೇನ್ ಮೋಡ್ ಹಾಕಿದ್ರೆ ನನ್ನ ಮಷೀನಲ್ಲಿ ಏನೂ ಆಗ್ಲಿಲ್ಲ, ಡಿವೈಸ್ ಮ್ಯಾನೇಜರಿಗೆ ಹೋಗಿ ಡಿಸೇಬಲ್ಲೇ ಮಾಡ್ಬೇಕಾಯ್ತು.

ಮಾಡ್ದೆ. ಪಟ್ ಮುಕ್ಕಾಲು ಪಾಲು ಹೋಯ್ತು. ಉಳಿದಿದ್ದು ಮಾತ್ರ ವಿಚಿತ್ರ, ಮೇಷ್ಟ್ರು ಹೆಡ್‌ಫೋನ್ ಹಾಕೊಂಡು ಕೇಳ್ತಾ ಕೇಳ್ತಾ ತೊಡೆ ಮೇಲೆ ತಾಳ ಹಾಕೋಕೆ ಶುರು ಮಾಡಿದ್ರು, "ಏನಪ್ಪಾ ಇದು, ಲೆಕ್ಕಕ್ಕೆ ಸರಿಯಾಗಿ ಬೀಳ್ತಾ ಇದೆಯಲ್ಲೋ" ಅಂದ್ರು. ವಾಚ್ ಹಿಡಿದು ನೋಡಿದ್ರೆ ನಿಜ, ಸುಮಾರು ಹದಿನೈದು ಸೆಕೆಂಡಿಗೊಂದು, ತಪ್ಪಲ್ಲ. ಹಾಗೆ ಗಡಿಯಾರದ ಥರ ಬರೋದು ಅಂದ್ರೆ ಯಾವುದೋ ಒಂದು ಕೂತ್ಕೊಂಡು ಲೆಕ್ಕ ತಗೋತಿದೆ ಅಂತ ಆಯ್ತು. ಲೇಟೆನ್ಸಿಮಾನಲ್ಲಿ ಎರಡನೇ ಸಾಲಲ್ಲಿ ಎಸಿಪಿಐ (ಪವರ್ ನೋಡ್ಕೊಳ್ಳೋ ಭಾಗ) ಅಂತಿತ್ತು. ಬ್ಯಾಟರಿ! ಎಷ್ಟು ಪರ್ಸೆಂಟ್ ಇದೆ ಅಂತ ಸಿಸ್ಟಮ್ ಆಗಾಗ ಹೋಗಿ ಕೇಳ್ಕೊಂಡು ಬರ್ತಿತ್ತು, ನನ್ನ ಬ್ಯಾಟರಿ ಮುದುಕ, ನಿಧಾನಕ್ಕೆ ಉತ್ತರ ಕೊಡ್ತಿತ್ತು ಅನ್ಸುತ್ತೆ. ಡಿವೈಸ್ ಮ್ಯಾನೇಜರಲ್ಲಿ ಬ್ಯಾಟರೀಸ್ ಕೆಳಗೆ ಎಸಿಪಿಐ ಕಂಪ್ಲಯಂಟ್ ಕಂಟ್ರೋಲ್ ಮೆಥಡ್ ಬ್ಯಾಟರಿ ಅಂತಿರುತ್ತಲ್ಲ, ಅದನ್ನ ಡಿಸೇಬಲ್ ಮಾಡಿದ್ದೇ ತಡ, ನಿಶ್ಶಬ್ದ. ನಲವತ್ತು ನಿಮಿಷ ತಂಬೂರಿ ಓಡಿಸಿಟ್ಟೆ, ಒಂದೂ ಇಲ್ಲ. ರಾತ್ರಿ ಹನ್ನೊಂದೂವರೆಗೆ ಮೇಷ್ಟ್ರಿಗೆ ಫೋನ್ ಮಾಡಿ ಬೈಸ್ಕೊಂಡೆ.

ಇದಕ್ಕೊಂದು ದಂಡ ಇದೆ. ಬ್ಯಾಟರಿ ಎಷ್ಟಿದೆ ಅಂತ ಕಾಣಲ್ಲ, ವಾರ್ನಿಂಗೂ ಬರಲ್ಲ. ಒಂದಿನ ಕರೆಂಟ್ ಹೋಗಿದೆ, ಯುಪಿಎಸ್ ಲೈನಿಗೆ ಹಾಕಿದೀನಿ ಅಂದ್ಕೊಂಡಿದ್ದ ಪ್ಲಗ್ಗು ಅದರಲ್ಲಿ ಇಲ್ಲ, ಅತ್ತಿಗೆ ಚರಣದ ಮಧ್ಯದಲ್ಲಿದಾರೆ, ದಪ್ ಅಂತ ಮಷೀನ್ ಆಫ್. ಫೋಲ್ಡರಲ್ಲಿ ಅರ್ಧ ವೇವ್ ಫೈಲ್ ಸಿಕ್ತು, ಪಲ್ಲವಿ ಉಳೀತು, ಚರಣ ಹೋಯ್ತು. ಅತ್ತಿಗೆ ಏನೂ ಅನ್ಲಿಲ್ಲ, ಅವತ್ತು ಕಾಫಿಗೆ ಸಕ್ಕರೆ ಇರ್ಲಿಲ್ಲ ಅಷ್ಟೇ.

ಪವರ್ ಪ್ಲಾನಲ್ಲಿ ಪ್ರೊಸೆಸರ್ ಮಿನಿಮಮ್ 100, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್, ಮಷೀನೂ ಇಂಟರ್ಫೇಸೂ ನಿದ್ದೆಗೆ ಜಾರದ ಹಾಗೆ ಇವನ್ನೂ ಮಾಡಿದೀನಿ. ಬಯೋಸಲ್ಲಿ (ಮಷೀನ್ ಏಳೋವಾಗಿನ ಸೆಟ್ಟಿಂಗು) ಇನ್ನೊಂದು ಮಾಡಿದೀನಿ, ಅದನ್ನ ಇಲ್ಲಿ ಬರೆಯಲ್ಲ, ಯಾರಾದ್ರೂ ತಪ್ಪು ಒತ್ತಿ ಮಷೀನ್ ಏಳ್ದಿದ್ರೆ ಆಮೇಲೆ ನನ್ನ ತಲೆಗೆ ಬರುತ್ತೆ.

ಪಟ್ ಹೋದ ಮೇಲೆ ಬಫರ್ 128ಕ್ಕೆ ಇಳಿಸಿದೆ, ಖುಷಿಯಲ್ಲಿ ಮೃದಂಗ, ಖಂಜಿರ, ಮೇಲೆ ತಾಳ ಅಂತ ಒಂದರ ಮೇಲೊಂದು ಹಾಕಿದ್ವಿ. ಕೇಳಿದ್ರೆ ಎಲ್ಲಾ ಒಂಥರಾ ಎಳೀತಿದೆ. ಮೇಷ್ಟ್ರು ಮುಖ ಕೆಂಪಗೆ ಮಾಡ್ಕೊಂಡು "ನಾನು ತಡವಾಗಿ ನುಡಿಸಿಲ್ಲ ಕಣಯ್ಯ, ನಲವತ್ತು ವರ್ಷದ ಕೈ ಇದು" ಅಂದ್ರು. ಅವರದ್ದೇ ಸರಿ. ಇಂಟರ್ಫೇಸಿನ ಔಟ್‌ಪುಟ್ಟಿಂದ ಇನ್‌ಪುಟ್ಟಿಗೆ ಒಂದು ಕೇಬಲ್ ಚುಚ್ಚಿ, ಒಂದು ಟಿಕ್ ಸದ್ದನ್ನ ಪ್ಲೇ ಮಾಡಿ ಅದನ್ನೇ ಮತ್ತೆ ರೆಕಾರ್ಡ್ ಮಾಡ್ದೆ, ಜೂಮ್ ಮಾಡಿ ನೋಡಿದ್ರೆ ಎರಡನೇ ಟಿಕ್ಕು ಸುಮಾರು 300 ಸ್ಯಾಂಪಲ್ ಹಿಂದೆ. ಆ ಏಸಿಯೋ ಫಾರ್ ಆಲ್ ಡ್ರೈವರ್ ರೀಪರಿಗೆ ಹೇಳೋ ಲೇಟೆನ್ಸಿ (ತಡ) ಒಂದು, ನಿಜವಾಗಿ ಆಗೋದು ಇನ್ನೊಂದು. 300 ಅಂದ್ರೆ ಆರು ಮಿಲಿಸೆಕೆಂಡು, ಏನ್ ಮಹಾ ಅನ್ಸುತ್ತೆ, ಆದ್ರೆ ಹಾಡು ಕೇಳಿ ಮೃದಂಗ, ಮೃದಂಗ ಕೇಳಿ ಖಂಜಿರ, ಖಂಜಿರ ಕೇಳಿ ತಾಳ ಹಾಕಿದ್ರೆ ಸಾಲ ಬೆಳೆದ ಹಾಗೆ ಬೆಳೆದು ಕೊನೇದು 19ರ ಹತ್ರ ಹೋಗಿರುತ್ತೆ. ಪ್ರಿಫರೆನ್ಸಸಲ್ಲಿ ರೆಕಾರ್ಡಿಂಗ್ ಕೆಳಗೆ ಮ್ಯಾನ್ಯುಯಲ್ ಆಫ್‌ಸೆಟ್ ಜಾಗ ಇದೆ, ಅಲ್ಲಿ ಸಂಖ್ಯೆ ತುಂಬಿ, ಮತ್ತೆ ಕೇಬಲ್ ಚುಚ್ಚಿ ಟಿಕ್ಕು ಟಿಕ್ಕಿನ ಮೇಲೇ ಕೂರೋ ತನಕ ತಿದ್ದಬೇಕು. ನನಗೆ ಪ್ಲಸ್ಸಾ ಮೈನಸ್ಸಾ ಅಂತ ತಿಳಿಯೋಕೇ ಅರ್ಧ ಗಂಟೆ ಆಯ್ತು, ಒಂದ್ಸಲ 600 ಆಚೆ ಹೋಗಿತ್ತು. ಬಫರ್ ಬದಲಾಯಿಸಿದ್ರೆ ಇನ್ನೊಂದ್ಸಲ ಅಳೀಬೇಕು, ಇದನ್ನ ಮರೀಬೇಡಿ. ಮೇಷ್ಟ್ರಿಗೆ ತೋರಿಸಿದೆ, "ಹಾಗಾದ್ರೆ ಹಳೇದ್ರಲ್ಲೆಲ್ಲ ನನ್ನ ಹೆಸರು ಕೆಡಿಸಿದ್ದು ಈ ಪೆಟ್ಟಿಗೆನೇ" ಅಂದ್ರು.

ಸ್ಯಾಂಪಲ್ ರೇಟಿಂದ ಒಂದ್ಸಲ ಮನೇಲಿ ಜಗಳ ಆಗೋದ್ರಲ್ಲಿತ್ತು. ಅತ್ತಿಗೆ ಹಾಡೋದು ಐದೂವರೆ ಮನೆ ಶ್ರುತಿಗೆ. ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಕೇಳಿಸ್ತಿತ್ತು, ವಾಟ್ಸಾಪಲ್ಲಿ ಅಣ್ಣನಿಗೆ ಕಳಿಸಿದ್ರೆ "ಇದ್ಯಾರೋ ಹಾಡ್ತಿರೋದು, ನೆಗಡಿನಾ ಇವಳಿಗೆ?" ಅಂತ ಕೇಳ್ದ. ಶ್ರುತಿಪೆಟ್ಟಿಗೆ ಹಿಡಿದು ನೋಡಿದ್ರೆ ಐದಕ್ಕೂ ನಾಲ್ಕೂವರೆಗೂ ಮಧ್ಯೆ ಎಲ್ಲೋ ನಿಂತಿದೆ, ಕಾಲಪ್ರಮಾಣನೂ ಇಳಿದಿದೆ. ಇಂಟರ್ಫೇಸ್ ಒಳಗೊಳಗೇ 48ರಲ್ಲಿ ಓಡ್ತಿತ್ತು, ಪ್ರಾಜೆಕ್ಟು 44.1 ಅಂದ್ಕೊಂಡು ಫೈಲಿಗೆ ಹಂಗೇ ಚೀಟಿ ಅಂಟಿಸ್ತಿತ್ತು. ಅದೇ ಮಷೀನಲ್ಲಿ ತಪ್ಪೂ ತಪ್ಪೂ ಸೇರಿ ಸರಿಯಾಗಿ ಕೇಳುತ್ತೆ, ಹೊರಗೆ ಹೋದ್ರೆ ನೂರಕ್ಕೆ ಎಂಟರಷ್ಟು ನಿಧಾನ. ಈಗ ವಿಂಡೋಸ್ ಸೌಂಡ್ ಸೆಟ್ಟಿಂಗು, ಡ್ರೈವರು, ಪ್ರಾಜೆಕ್ಟು ಮೂರೂ ಕಡೆ 48.

ಅದರ ಬಾಲ ಇನ್ನೊಂದು ಕಡೆ ಇತ್ತು. ಮಿಶ್ರಚಾಪು ತಾಳಕ್ಕೆ ಅಂತ ನಾನೇ ಒಂದು ಜೆಎಸ್ ಪ್ಲಗಿನ್ (ರೀಪರ್ ಒಳಗೆ ಓಡೋ ಚಿಕ್ಕ ಪ್ರೋಗ್ರಾಮು) ಬರೆದಿದ್ದೆ, ಮೂರು ನಾಲ್ಕು ಮೂರು ನಾಲ್ಕು ಅಂತ ಟಕ್ ಟಕ್ ಅನ್ನೋದು, ನಲವತ್ತೇನೋ ಸಾಲು. 48ಕ್ಕೆ ಬಂದ ಮೇಲೆ ಮೇಷ್ಟ್ರು "ಯಾಕೋ ಓಡ್ತಿದೆ" ಅಂತಾರೆ, ನಾನು ಇಲ್ಲ ಮೇಷ್ಟ್ರೇ ಅಂತೀನಿ. ಆಮೇಲೆ ನೋಡಿದ್ರೆ ಕೋಡಲ್ಲಿ ಎಸ್‌ರೇಟ್ (ಆಗಿನ ಸ್ಯಾಂಪಲ್ ರೇಟು) ಅಂತ ಹಾಕೋ ಜಾಗದಲ್ಲಿ ನೇರವಾಗಿ 44100 ಅಂತ ಬರೆದಿಟ್ಟಿದೀನಿ, ದಡ್ಡ ನಾನು. ಆ ಮನುಷ್ಯನ ಕಿವಿಗೆ ಲೇಟೆನ್ಸಿಮಾನ್ ಬೇಕಾಗಿಲ್ಲ.

ಕಸ್ಟಮೈಸ್ ಮಾಡಿರೋದ್ರಲ್ಲಿ ನನಗೆ ಹೆಮ್ಮೆ ಇರೋದು ಮಾತ್ರ ಒಂದು 350 ರೂಪಾಯಿ ನಂಬರ್ ಪ್ಯಾಡ್ ಬಗ್ಗೆ, ಅದೂ ಎಸ್‌ಪಿ ರೋಡೇ. ರೀಪರಿನ ಆಕ್ಷನ್ ಲಿಸ್ಟಲ್ಲಿ ನಾಲ್ಕು ಆಕ್ಷನ್ ಪೋಣಿಸಿ ಒಂದು ಗುಂಡಿಗೆ ಕಟ್ಟಿದೀನಿ: ನಿಲ್ಲು, ಈ ಟೇಕ್ ಬಿಸಾಕು, ಹಿಂದಿನ ಮಾರ್ಕರಿಗೆ ಹೋಗು, ಮತ್ತೆ ರೆಕಾರ್ಡ್. ಗುಂಡಿ ಮೇಲೆ ಅತ್ತಿಗೆ ಕೈಬರಹದಲ್ಲೇ "ಮತ್ತೆ" ಅಂತ ಬರೆದ ಬ್ಯಾಂಡೇಜ್ ಚೀಟಿ, ಪಕ್ಕದಲ್ಲಿ "ಸಾಕು", ಇನ್ನೊಂದು "ಕುಕ್ಕರ್". ಕುಕ್ಕರ್ ಒತ್ತಿದ್ರೆ ಅಲ್ಲೊಂದು ಮಾರ್ಕರ್ ಬೀಳುತ್ತೆ, ವಿಷಲ್ಲೋ ಸೊಪ್ಪಿನ ಗಾಡಿ ಮೈಕೋ ಬಂತು ಅಂತ, ಆಮೇಲೆ ಹುಡುಕೋದು ಸುಲಭ. ಈಗ ನಾನು ರೂಮಲ್ಲಿ ಇಲ್ದಿದ್ರೂ ಅವರೇ ರೆಕಾರ್ಡ್ ಮಾಡ್ಕೋತಾರೆ. ಹಾಗೇ ಆಲ್ಟ್ ಪಿ ಶಾರ್ಟ್‌ಕಟ್ ಕಿತ್ತು ಹಾಕಿಬಿಡಿ. ನನಗೆ ಗೊತ್ತಿಲ್ದೆ ಅದು ಒತ್ತಿ ರಿಪಲ್ ಎಡಿಟಿಂಗ್ ಆನ್ ಆಗಿ, ಒಂದು ಉಸಿರಿನ ಸದ್ದು ಡಿಲೀಟ್ ಮಾಡಿದ್ದಕ್ಕೆ ಮುಂದಿನದ್ದೆಲ್ಲ ಜರುಗಿ, ಅದು ಗೊತ್ತಾಗಿದ್ದು ಮೂರು ದಿನ ಆದ್ಮೇಲೆ.

ಮಧ್ಯೆ ತಲೆಹರಟೆ ಪ್ರಯೋಗಗಳೂ ಆದ್ವು. ಉಬುಂಟು ಸ್ಟುಡಿಯೋ (ಲಿನಕ್ಸ್) ಪೆನ್‌ಡ್ರೈವಲ್ಲಿ ಹಾಕಿ ನೋಡ್ದೆ, ಸತ್ಯ ಹೇಳ್ಬೇಕಂದ್ರೆ ಪಟ್ ವಿಷಯದಲ್ಲಿ ವಿಂಡೋಸಿಗಿಂತ ಬೇಗ ದಾರಿಗೆ ಬಂತು, ಆದ್ರೆ ನನ್ನ ಎರಡು ಹಳೇ ಪ್ಲಗಿನ್ ಅಲ್ಲಿ ಓಡಲ್ಲ, ವಾಪಸ್ ಬಂದೆ. ಇನ್ನೊಂದು, ತೋಡಿಯ ಒಂದು ಆಲಾಪನೆಗೆ ರೀಪರಿನ ಶ್ರುತಿ ತಿದ್ದೋ ಪ್ಲಗಿನ್ ರೀಟ್ಯೂನ್ ಹಚ್ಚಿದೆ, ಸುಮ್ನೆ ಕುತೂಹಲ. ತೋಡಿ ಗಾಂಧಾರ ಆಡ್ತಾನೇ ಇರ್ಬೇಕಲ್ವಾ, ಅದು ಪಾಪ ಪ್ರತಿ ಆಟಕ್ಕೂ ಹತ್ತಿರದ ಸ್ವರಕ್ಕೆ ಎಳೆದು ಎಳೆದು ಮೆಟ್ಟಿಲು ಮಾಡಿಟ್ಟಿತ್ತು, ಹಾರ್ಮೋನಿಯಮ್ ಮೇಲೆ ಬೆಕ್ಕು ನಡೆದ ಹಾಗೆ. ಅತ್ತಿಗೆಗೆ ಕೇಳಿಸಿಲ್ಲ, ಕೇಳ್ಸೋದೂ ಇಲ್ಲ.

ಗುಂಯ್ ಅನ್ನೋ ಹಮ್ ಬೇರೆ ಕತೆ. ಚಾರ್ಜರ್ ಕಿತ್ತರೆ ಹೋಗೋದು, ಹಾಕಿದ್ರೆ ಬರೋದು, 50, 100, 150 ಹರ್ಟ್ಜಲ್ಲಿ ಸಾಲಾಗಿ ಗೂಟಗಳು. ಅರ್ತ್ ಪಿನ್ ಮುರಿದು ಹಾಕು ಅಂದ ಒಬ್ಬ ಮಹಾನುಭಾವ, ದಯವಿಟ್ಟು ಹಾಗೆ ಮಾಡ್ಬೇಡಿ, ಶಾಕ್ ಹೊಡೆದ್ರೆ ರೆಕಾರ್ಡಿಂಗ್ ಅಲ್ಲಿಗೇ ಮುಗಿಯುತ್ತೆ. ಎಲೆಕ್ಟ್ರಿಷಿಯನ್ ಕರೆಸಿದೆ, ಆ ರೂಮಿನ ಸಾಕೆಟ್ಟಿಗೆ ಅರ್ತ್ ವೈರೇ ಸೇರಿರ್ಲಿಲ್ಲ, 400 ತಗೊಂಡು ಸೇರಿಸ್ದ.

ಒಟ್ಟು ಲೆಕ್ಕ ಹಾಕಿದ್ರೆ ಸುಮ್ನೆ ಕಳೆದಿದ್ದು ನಾಲ್ಕು ಸಾವಿರದ ಹತ್ರ, ಪಟ್ ಹೋಗಿದ್ದಕ್ಕೆ ಖರ್ಚಾಗಿದ್ದು ಸೊನ್ನೆ. ಉಳಿದ ದುಡ್ಡಲ್ಲಿ ರೀಪರ್ ಲೈಸೆನ್ಸ್ ತಗೊಂಡೆ, 60 ಡಾಲರು, ಅರವತ್ತು ದಿನದ ಟ್ರಯಲ್ಲು ಎರಡು ವರ್ಷ ಎಳೆದಿದ್ದೆ, ಮನಸ್ಸಿಗೆ ಚುಚ್ಚುತ್ತಿತ್ತು. ಮೃದಂಗಕ್ಕೆ ಮೈಕ್ ಎಲ್ಲಿಡ್ತೀನಿ ಅಂತ ಸುಮಾರು ಜನ ಕೇಳಿದಾರೆ, ತೊಪ್ಪಿ (ಎಡಗೈ) ಕಡೆ ಅಲ್ಲ ಅಂತ ಮಾತ್ರ ಹೇಳ್ತೀನಿ, ಉಳಿದಿದ್ದು ಮೇಷ್ಟ್ರ ಗುಟ್ಟು.

ರಾಜಾಜಿನಗರದ ಫ್ರೆಂಡು ಹೋದ ವಾರ ಬಂದು ಅರ್ಧ ಗಂಟೆ ಕೇಳ್ದ, ಏನೂ ಅನ್ಲಿಲ್ಲ. ಹೊರಡುವಾಗ ಚಪ್ಪಲಿ ಹಾಕೊಳ್ತಾ "ಆ ಕೇಬಲ್ ಚುಚ್ಚಿ ಅಳೀತೀಯಲ್ಲ, ನಮ್ ಸಿಸ್ಟಮ್ಮಿಗೂ ಒಂದ್ಸಲ ಮಾಡ್ಕೊಡೋ" ಅಂದ. ಭಾನುವಾರ ಹೋಗ್ತೀನಿ, ಬೆಳಗ್ಗೆ ಮಾತ್ರ ಆಗಲ್ಲ ಅಂದಿದೀನಿ, ಏಳೂಕಾಲಿಗೆ ಕಸದ ಗಾಡಿ ಹಾಡು ಹೋದ ಮೇಲೆ ಹತ್ತನೇ ದೇವರನಾಮ ಇದೆ.