ಮುಖದ ಕಾಂತಿಗೆ ಮನೆಯಲ್ಲೇ ಕ್ರೀಮು: ನಿಂಬೆಹಣ್ಣು ಬಿಡಿ, ತಕ್ಕಡಿ ಹಿಡಿಯಿರಿ

ಮುಖಕ್ಕೆ ಹೊಳಪು ಕೊಡುವ ಕ್ರೀಮು ಮನೆಯಲ್ಲೇ ಮಾಡೋದು ಹೇಗೆ ಅಂತ ಕೇಳುವವರು ಅರ್ಧ ವಿಧಾನ ತಲೆಯಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಲೋಳೆಸರ, ನಿಂಬೆರಸ, ಅಡುಗೆ ಸೋಡಾ, ಎರಡು ವಿಟಮಿನ್ ಇ ಮಾತ್ರೆ. ಎಲ್ಲಾ ಕಲಸಿ ಡಬ್ಬಿಗೆ ತುಂಬಿದರೆ ಆಯ್ತು ಅನ್ನೋ ಲೆಕ್ಕ. ಮೊದಲು ಆ ನಿಂಬೆರಸ ಪಕ್ಕಕ್ಕಿಡಿ. ಹುಳಿ ಎಷ್ಟಿದೆ ಅಂತ ತೋರಿಸುವ ಅಂಕಿಗೆ ಪಿಹೆಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ಚರ್ಮದ ಪಿಹೆಚ್ ಸುಮಾರು 5ರ ಆಸುಪಾಸು. ನಿಂಬೆರಸದ್ದು 2ರ ಹತ್ತಿರ. ಉರಿಯದೆ ಇರುತ್ತದೆಯೇ? ಅದನ್ನು ಸವರಿದ ಜಾಗಕ್ಕೆ ಬಿಸಿಲು ತಾಗಿದರೆ ಬೊಬ್ಬೆಯೂ ಏಳಬಹುದು, ಆಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕಲೆ ಹೋಗಲಿ ಅಂತ ಹಚ್ಚಿ ಹೊಸ ಕಲೆ ತಂದುಕೊಂಡ ಹಾಗೆ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ. ಅದರ ಪಿಹೆಚ್ 8 ದಾಟುತ್ತದೆ, ಚರ್ಮ ಒಣಗಿ ಬಿರಿಯುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿನಿಂದ ಬಂದ ಬಣ್ಣವನ್ನು ಯಾವ ಕ್ರೀಮೂ ಸುರಕ್ಷಿತವಾಗಿ ಬದಲಿಸುವುದಿಲ್ಲ. ಬದಲಿಸಬೇಕಾದ ಅಗತ್ಯವೂ ನನಗಂತೂ ಕಾಣುವುದಿಲ್ಲ. ಬಿಸಿಲಿಗೆ ಕಂದಿದ್ದು, ಮೊಡವೆ ಬಿಟ್ಟುಹೋದ ಕಲೆ, ಒಣಗಿ ಮಂಕಾದ ಮುಖ, ಇವಿಷ್ಟನ್ನು ಸ್ವಲ್ಪ ಸರಿಮಾಡಬಹುದು. ಅದಕ್ಕೆ ಮನೆಯಲ್ಲಿ ಬಳಸಲು ನಾನು ಒಪ್ಪುವುದು ನಯಾಸಿನಮೈಡ್. ಇದು ವಿಟಮಿನ್ ಬಿ3ಯ ಒಂದು ರೂಪ. ಬಿಳಿ ಪುಡಿ, ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಚರ್ಮದ ಬಣ್ಣದ ಕಣಗಳು ಮೇಲಿನ ಪದರಕ್ಕೆ ಸಾಗುವುದನ್ನು ಇದು ಸ್ವಲ್ಪ ತಡೆಯುತ್ತದೆ. ವಿಟಮಿನ್ ಸಿ ಹಾಕಬಾರದಾ ಅಂತ ಕೇಳ್ತೀರಿ, ಅಲ್ವಾ? ಒಳ್ಳೆಯದೇ, ಆದರೆ ಗಾಳಿ ಬೆಳಕಿಗೆ ಬೇಗ ಹಾಳಾಗುತ್ತದೆ. ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಮನೆಯ ಡಬ್ಬಿಗೆ ಅದು ಹೊಂದುವುದಿಲ್ಲ.

ಈಗ ಅಳತೆ. ಚಮಚದ ಲೆಕ್ಕ ಬೇಡ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕೇ ಬೇಕು. 100 ಗ್ರಾಂ ಕ್ರೀಮಿಗೆ 74 ಗ್ರಾಂ ಡಿಸ್ಟಿಲ್ಡ್ ನೀರು, 4 ಗ್ರಾಂ ಗ್ಲಿಸರಿನ್, 4 ಗ್ರಾಂ ನಯಾಸಿನಮೈಡ್, 10 ಗ್ರಾಂ ಬಾದಾಮಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, 6 ಗ್ರಾಂ ಎಮಲ್ಸಿಫೈಯಿಂಗ್ ವ್ಯಾಕ್ಸ್ (ಎಣ್ಣೆ ನೀರನ್ನು ಬೆರೆಸಿ ಹಿಡಿದಿಡುವ ಮೇಣ), 1 ಗ್ರಾಂ ಸೀಟೈಲ್ ಆಲ್ಕೋಹಾಲ್ (ಕ್ರೀಮು ದಪ್ಪಗಾಗಲು ಹಾಕುವ ಮೇಣದಂಥ ವಸ್ತು), 1 ಗ್ರಾಂ ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು). ವ್ಯಾಕ್ಸ್ ಬದಲಿಗೆ ಜೇನುಮೇಣ ಹಾಕಬೇಡಿ. ಜೇನುಮೇಣ ಗಟ್ಟಿ ಮಾಡುತ್ತದೆ ಅಷ್ಟೇ. ಎಣ್ಣೆ ನೀರನ್ನು ಹಿಡಿದಿಡುವ ಶಕ್ತಿ ಅದೊಂದಕ್ಕೇ ಇಲ್ಲ.

ಪಾತ್ರೆ, ಚಮಚ, ಡಬ್ಬಿ ಎಲ್ಲವನ್ನೂ ತೊಳೆದು, ಒಣಗಿಸಿ, 70 ಶೇಕಡಾ ಆಲ್ಕೋಹಾಲ್ ಸಿಂಪಡಿಸಿ ಆರಲು ಬಿಡಿ. ಹತ್ತಿರ ಉರಿ ಇರಬಾರದು. 10 ಗ್ರಾಂ ನೀರನ್ನು ನಯಾಸಿನಮೈಡ್ ಕರಗಿಸಲು ಬೇರೆ ಇಡಿ. ಉಳಿದ ನೀರು ಮತ್ತು ಗ್ಲಿಸರಿನ್ ಒಂದು ಗಾಜಿನ ಪಾತ್ರೆಗೆ, ಎಣ್ಣೆ, ವ್ಯಾಕ್ಸ್ ಮತ್ತು ಸೀಟೈಲ್ ಆಲ್ಕೋಹಾಲ್ ಇನ್ನೊಂದಕ್ಕೆ. ಎರಡನ್ನೂ ಬಿಸಿನೀರಿನ ಬಾಣಲೆಯಲ್ಲಿಟ್ಟು 70ರಿಂದ 75 ಡಿಗ್ರಿಗೆ ತನ್ನಿ. ಎರಡೂ ಒಂದೇ ಬಿಸಿಯಲ್ಲಿರಬೇಕು. ಒಂದು ತಣ್ಣಗಿದ್ದರೆ ವ್ಯಾಕ್ಸ್ ಅಲ್ಲಲ್ಲೇ ಗಟ್ಟಿಯಾಗಿ ಕ್ರೀಮು ತರಿತರಿಯಾಗುತ್ತದೆ.

ಈಗ ಎಣ್ಣೆಯನ್ನು ನೀರಿಗೆ ಸುರಿದು ಕೈ ಬ್ಲೆಂಡರ್ ಆಡಿಸಿ. ಅದರ ತಲೆ ಮೇಲೆ ಬರಬಾರದು, ಬಂದರೆ ಗಾಳಿ ಸೇರಿ ನೊರೆಯಾಗುತ್ತದೆ. ಕ್ಷಣದಲ್ಲೇ ಎಲ್ಲಾ ಬೆಳ್ಳಗಾಗುತ್ತದೆ. ನೋಡಲು ಹಾಲಿನಷ್ಟೇ ತೆಳ್ಳಗೆ, ಕೆಟ್ಟಿತೇನೋ ಅಂತ ಗಾಬರಿಯಾಗುತ್ತದೆ. ಕೆಟ್ಟಿಲ್ಲ. ಬ್ಲೆಂಡರ್ ಬಿಟ್ಟು ಬಿಟ್ಟು ಆಡಿಸಿ, ನಡುನಡುವೆ ಚಮಚದಿಂದ ತಿರುವುತ್ತಾ ಇರಿ. ಆರುತ್ತಾ ಬಂದಂತೆ ಚಮಚಕ್ಕೆ ಅಂಟುತ್ತದೆ, ಪಾತ್ರೆಯ ಬದಿಯಲ್ಲಿ ಗೆರೆ ಎಳೆದರೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. 40 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಕರಗಿಸಿಟ್ಟ ನಯಾಸಿನಮೈಡ್ ಮತ್ತು ಪ್ರಿಸರ್ವೇಟಿವ್ ಸೇರಿಸಿ. ಕಡೆಗೆ ಒಮ್ಮೆ ತೂಗಿ, ಆವಿಯಾಗಿ ಹೋದಷ್ಟು ನೀರನ್ನು ಮತ್ತೆ ಹಾಕಿ.

ಪ್ರಿಸರ್ವೇಟಿವ್ ಅಂದ ಕೂಡಲೇ ಮುಖ ಸಿಂಡರಿಸುವವರು ಬಹಳ. ಮನೆಯದ್ದು ಅಂದ ಮೇಲೆ ಕೆಮಿಕಲ್ ಯಾಕೆ ಅಂತ. ನೀರಿರುವ ಕ್ರೀಮಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಬೆಳೆಯುತ್ತವೆ. ಕಣ್ಣಿಗೆ ಕಾಣಬೇಕು ಅಂತಲೂ ಇಲ್ಲ, ವಾಸನೆ ಬರಬೇಕು ಅಂತಲೂ ಇಲ್ಲ. ಫ್ರಿಜ್ ಅವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ವಿಟಮಿನ್ ಇ ಎಣ್ಣೆ ಮುಗ್ಗದಂತೆ ನೋಡಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಫಿನಾಕ್ಸಿಎಥೆನಾಲ್ ಇರುವ ಪ್ರಿಸರ್ವೇಟಿವ್ ಸಾಕು, 1 ಗ್ರಾಂ ಮೀರಬೇಡಿ. ತಾಜಾ ಲೋಳೆಸರವನ್ನು ನಾನು ಕ್ರೀಮಿಗೆ ಹಾಕಲು ಹೇಳದಿರುವುದೂ ಇದಕ್ಕೇ. ಅದು ಬೇಗ ಕೆಡುತ್ತದೆ, ಜೊತೆಗೆ ಸಿಪ್ಪೆಯ ಕೆಳಗಿನ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಪರಿಮಳಕ್ಕೆ ಅಂತ ನಿಂಬೆ ಎಣ್ಣೆಯೂ ಬೇಡ. ಸುಮ್ನೆ ವಾಸನೆ ಇಲ್ಲದೆ ಇರಲಿ.

ಮಾರನೆಯ ದಿನ ಪಿಹೆಚ್ ಪಟ್ಟಿ ಅದ್ದಿ ನೋಡಿ. 5.5ರಿಂದ 6.5ರ ಒಳಗಿದ್ದರೆ ಸರಿ. ತೀರಾ ಹುಳಿಯಾದರೆ ನಯಾಸಿನಮೈಡ್ ಒಡೆದು ಮುಖ ಕೆಂಪೇರಿಸುತ್ತದೆ. ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಸವರಿ 48 ಗಂಟೆ ಕಾಯಿರಿ. ತುರಿಸಿದರೆ, ದದ್ದು ಎದ್ದರೆ ಅಲ್ಲಿಗೇ ಬಿಟ್ಟುಬಿಡಿ. ಎಲ್ಲಾ ಸರಿಯಿದ್ದರೆ ರಾತ್ರಿ ಹೊತ್ತು ಬಟಾಣಿ ಕಾಳಿನಷ್ಟು ಸಾಕು. ವಾರದಲ್ಲಿ ಏನೂ ಕಾಣುವುದಿಲ್ಲ, ಎರಡು ತಿಂಗಳಾದರೂ ತಾಳ್ಮೆ ಬೇಕು.

ಆ ತಾಳ್ಮೆ ಇಲ್ಲದವರು ಮಾಡುವ ಕೆಲಸ ಒಂದಿದೆ. ಔಷಧಿ ಅಂಗಡಿಯ ಸ್ಟೀರಾಯ್ಡ್ ಮುಲಾಮನ್ನು ಮನೆಯ ಕ್ರೀಮಿಗೆ ಬೆರೆಸುವುದು. ಮೊದಲ ದಿನಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಸಣ್ಣ ರಕ್ತನಾಳ ಕಾಣುತ್ತದೆ, ಮೊಡವೆ ಏಳುತ್ತದೆ, ನಿಲ್ಲಿಸಿದರೆ ಮುಖ ಉರಿದು ಕೆಂಪಾಗುತ್ತದೆ. ಹೆಸರು ಊರು ಇಲ್ಲದ, ಏನೇನು ಹಾಕಿದ್ದಾರೆ ಅಂತ ಬರೆಯದ ಬಿಳುಪಿನ ಕ್ರೀಮನ್ನೂ ಸೇರಿಸಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು. ಅದು ಮೂತ್ರಪಿಂಡಕ್ಕೆ ಪೆಟ್ಟು, ಹಚ್ಚಿದವರ ಕೈಯಿಂದ ಮನೆಯ ಮಕ್ಕಳಿಗೂ ಹೋಗುತ್ತದೆ.

ಡಬ್ಬಿಯ ಮೇಲೆ ಮಾಡಿದ ದಿನ ಬರೆದಿಡಿ, ಬೆರಳು ಅದ್ದದೆ ಒಣ ಚಮಚದಿಂದ ತೆಗೆಯಿರಿ. ನೀರು ಬೇರೆಯಾದರೆ, ಚುಕ್ಕೆ ಕಂಡರೆ, ಮೂರು ತಿಂಗಳು ದಾಟಿದರೆ ಚೆಲ್ಲಿ. ಹಗಲು ಹೊತ್ತು ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಹಚ್ಚದಿದ್ದರೆ ರಾತ್ರಿಯ ಕ್ರೀಮು ದಂಡ. ಅದನ್ನು ಮಾತ್ರ ಕೊಂಡೇ ತನ್ನಿ. ಝಿಂಕ್ ಆಕ್ಸೈಡ್ ಪುಡಿ ಕಲಸಿದರೆ ಸನ್‌ಸ್ಕ್ರೀನೂ ಮನೆಯಲ್ಲೇ ಆಗುತ್ತದೆ ಅನ್ನುವವರಿದ್ದಾರೆ, ಆದರೆ ಪುಡಿ ಎಲ್ಲಾ ಕಡೆ ಸಮನಾಗಿ ಹರಡಿದೆಯೇ ಅಂತ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಲು ಬರುವುದಿಲ್ಲ.