ತೆನೆ ಸಮೇತ ಕೊಚ್ಚಿ, ಅದೇ ದಿನ ಮುಚ್ಚಿ

ಹಾವೇರಿ ಜಿಲ್ಲೆಯಲ್ಲಿ ಮುಂಗಾರು ಅಂದರೆ ಗೋವಿನಜೋಳ (ಮೆಕ್ಕೆಜೋಳ). ಗುತ್ತಲದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಅದೇ ಪೀಕು. ಸೆಪ್ಟೆಂಬರಿನಲ್ಲಿ ಎಲ್ಲಿ ನೋಡಿದರೂ ಹಸಿರು. ಮಾರ್ಚ್ ಬಂತೆಂದರೆ ಅದೇ ಊರುಗಳಲ್ಲಿ ದನದ ಮುಂದೆ ಹಾಕಲು ಒಂದು ಹಿಡಿ ಹಸಿಮೇವು ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಹಿಂಡುವ ದನ ಹತ್ತು: ಏಳು ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳು, ಮೂರು ಎಮ್ಮೆ. ಮೊದಲೆಲ್ಲ ಬೇಸಿಗೆಯನ್ನು ಬಿಳಿಜೋಳದ ಕಣಿಕೆ (ಒಣ ದಂಟು) ಮತ್ತು ಹಿಂಡಿಯ ಮೇಲೇ ದಾಟಿಸುತ್ತಿದ್ದೆವು. ಹಾಲು ಇಳಿಯುತ್ತಿತ್ತು, ಹಿಂಡಿಯ ಖರ್ಚು ಏರುತ್ತಿತ್ತು. ಈಗ ಕೆಲವು ವರ್ಷಗಳಿಂದ ಉತ್ತರೆ ಮಳೆಯ ಹೊತ್ತಿಗೆ ರಸಮೇವು (ಹಸಿ ಪೀಕನ್ನು ಕೊಚ್ಚಿ, ಗಾಳಿಯಾಡದಂತೆ ತುಳಿದು ಮುಚ್ಚಿ ಹುಳಿ ಬರಿಸಿದ ಮೇವು, ಸೈಲೇಜ್) ಗುಂಡಿಗೆ ತುಂಬಿಟ್ಟು ಫೆಬ್ರುವರಿಯಿಂದ ಮೇ ತನಕ ಅದನ್ನೇ ಹಾಕುತ್ತಿದ್ದೇವೆ. ಮಾಡುತ್ತಾ ಮಾಡುತ್ತಾ ನನಗೆ ಮನದಟ್ಟಾಗಿದ್ದು ಒಂದೇ. ಮೇವು ಒಳ್ಳೆಯದಾಗುತ್ತದೋ ಕೆಡುತ್ತದೋ ಅನ್ನುವುದು ತಾಡಪತ್ರಿ ಎಳೆಯುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಆಮೇಲೆ ಯಾವ ಪುಡಿ ಹಾಕಿದರೂ, ಎಷ್ಟು ದಿನ ಕಾದರೂ ಅದನ್ನು ತಿದ್ದಲು ಬರುವುದಿಲ್ಲ.

ಮೊದಲಿಗೆ ತೆನೆಯ ಮಾತು. ನಮ್ಮ ಅತ್ತೆಗೆ ಇದನ್ನು ಒಪ್ಪಿಸಲು ಬಹಳ ದಿನ ಹಿಡಿಯಿತು. "ತೆನಿ ತುಂಬಿದ ಪೀಕು ಕಡದು ಕೊಚ್ಚಿ ಹಾಕೂದಂದ್ರ ಏನವಾ? ಇನ್ನೊಂದು ತಿಂಗಳಕ್ಕ ಕಾಳ ಬರ್ತಾವಲ್ಲ" ಅಂತಿದ್ದರು. ಹುಟ್ಟಿದಾಗಿನಿಂದ ಕಾಳಿಗಾಗಿ ದುಡಿದ ಜೀವಕ್ಕೆ ಹಾಗೆ ಅನ್ನಿಸುವುದು ಸಹಜ. ಸುತ್ತಲಿನ ಊರುಗಳಲ್ಲೂ ತೆನೆ ಮುರಿದುಕೊಂಡು ಬರೀ ದಂಟನ್ನು ಗುಂಡಿಗೆ ಹಾಕುವವರು ಇದ್ದಾರೆ. ಅದೂ ಮೇವೇ, ಆದರೆ ಬಲ ಇಲ್ಲದ ಮೇವು. ಕೊಯ್ಲಿನ ಹಂತದಲ್ಲಿ ಗಿಡದ ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ತೆನೆಯದೇ ಇರುತ್ತದೆ. ದನಕ್ಕೆ ಕಸುವು ಕೊಡುವ ಪಿಷ್ಟ ಇರುವುದೂ ಕಾಳಿನಲ್ಲೇ. ಕಾಳನ್ನು ಮಾರುಕಟ್ಟೆಗೆ ಕಳಿಸಿ, ಅದೇ ಕಸುವಿಗಾಗಿ ಬೇಸಿಗೆಯಲ್ಲಿ ಪಶು ಆಹಾರದ ಚೀಲ ಹೊತ್ತು ತರುವುದು ಏಕೆ ಅಂತ ನಾನು ಕೇಳಿದೆ. ಅತ್ತೆ ಬಾಯಿಮಾತಿಗೆ ಒಪ್ಪಲಿಲ್ಲ. ಬೇಸಿಗೆಯಲ್ಲಿ ಹಾಲಿನ ಕ್ಯಾನು ನೋಡಿ ಒಪ್ಪಿದರು. ಇದೇ ಕಾರಣಕ್ಕೆ ನಾವು ಮೇವಿಗೆಂದೇ ಬೆಳೆಯುವ ಆಫ್ರಿಕನ್ ಟಾಲ್ ಬಿಟ್ಟು, ದಪ್ಪ ತೆನೆ ಕಟ್ಟುವ ಕಾಳಿನ ಹೈಬ್ರಿಡ್ಡನ್ನೇ ಬಿತ್ತುತ್ತೇವೆ. ಆಫ್ರಿಕನ್ ಟಾಲ್ ಎತ್ತರ ಬೆಳೆಯುತ್ತದೆ, ಹಸಿ ತೂಕ ಹೆಚ್ಚು ಕೊಡುತ್ತದೆ, ಹಸಿಯಾಗಿ ಕೊಯ್ದು ಹಾಕುವವರಿಗೆ ಅದೇ ಸರಿ.

ಮಿರಗದ ಮಳೆಗೆ ಬಿತ್ತಿದ ಪೀಕು ಸುಮಾರು 90 ದಿನಕ್ಕೆ ಹದಕ್ಕೆ ಬರುತ್ತದೆ. ಆದರೆ ದಿನ ಎಣಿಸಿ ಕುಡುಗೋಲು ಹಿಡಿಯಬಾರದು, ತೆನೆ ನೋಡಿ ಹಿಡಿಯಬೇಕು. ನಾನು ಹೊಲದ ಅಂಚು ಬಿಟ್ಟು ನಡುವೆ ಹೋಗಿ ನಾಲ್ಕಾರು ಕಡೆಯ ತೆನೆ ಕಿತ್ತು ಸಿಪ್ಪೆ ಸುಲಿಯುತ್ತೇನೆ, ನಡುವಿಗೆ ಮುರಿಯುತ್ತೇನೆ. ಮುರಿದ ಜಾಗದಲ್ಲಿ ಕಾಳಿನ ಪಕ್ಕೆ ಕಾಣುತ್ತದೆ. ಹೊರತಲೆಯಿಂದ ಒಳಗೆ ಹಳದಿ ಗಟ್ಟಿ ಹಿಟ್ಟು ಇಳಿಯುತ್ತಾ ಬಂದಿರುತ್ತದೆ, ಬುಡದ ಕಡೆ ಬಿಳಿ ಹಾಲು ಇರುತ್ತದೆ, ಎರಡರ ನಡುವೆ ಒಂದು ಗೆರೆ. ಆ ಗೆರೆ ಕಾಳಿನ ಅರ್ಧ ದಾಟಿ ಇಳಿಯುತ್ತಿದ್ದರೆ ಹದ ಬಂದಂತೆ. ಉಗುರಿನಿಂದ ಒತ್ತಿದರೆ ತಲೆ ಗಟ್ಟಿ, ಬುಡದಲ್ಲಿ ಹಾಲು ಚಿಮ್ಮಬೇಕು. ಆ ಹೊತ್ತಿಗೆ ಕೆಳಗಿನ ಒಂದೆರಡು ಎಲೆ ಒಣಗಿರುತ್ತವೆ, ಉಳಿದದ್ದೆಲ್ಲ ಹಸಿರು.

ಆಮೇಲೆ ಕೈಯ ಪರೀಕ್ಷೆ. ಒಂದಿಷ್ಟು ಗಿಡ ಕೊಚ್ಚಿ, ಮುಷ್ಟಿಯಲ್ಲಿ ಬಿಗಿಯಾಗಿ ಅರ್ಧ ನಿಮಿಷ ಹಿಡಿದು ಬಿಡುತ್ತೇನೆ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಎಳೆಯದು; ಅಂಥದ್ದನ್ನು ತುಂಬಿದರೆ ರಸವೆಲ್ಲ ಕೆಳಗೆ ಹರಿದು ಸಕ್ಕರೆಯೂ ಅದರ ಜೊತೆ ಹೋಗುತ್ತದೆ, ಮೇವು ನಾರುತ್ತದೆ. ಮುಷ್ಟಿ ಬಿಟ್ಟ ಕೂಡಲೇ ಉದುರಿ ಚೆಲ್ಲಿದರೆ ಹದ ಮೀರಿದೆ, ಎಷ್ಟು ತುಳಿದರೂ ಗಾಳಿ ಹೊರಗೆ ಹೋಗುವುದಿಲ್ಲ. ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಅಂಗೈ ಮಾತ್ರ ಒದ್ದೆಯಾದರೆ ಸರಿ. ಆಗ ನೀರಿನಂಶ ನೂರಕ್ಕೆ 65ರಿಂದ 70ರಷ್ಟು ಇರುತ್ತದೆ. ಈ ಹದದಲ್ಲಿ ಗೋವಿನಜೋಳಕ್ಕೆ ಬೆಲ್ಲವೂ ಬೇಡ, ಉಪ್ಪೂ ಬೇಡ. ಗಿಡದೊಳಗೇ ಬೇಕಾದಷ್ಟು ಸಕ್ಕರೆ ಇದೆ. ನೇಪಿಯರ್‌ನಂಥ ಸಕ್ಕರೆ ಕಡಿಮೆ ಇರುವ ಹುಲ್ಲಿಗಾದರೆ ಬೆಲ್ಲದ ನೀರು ಚಿಮುಕಿಸಬೇಕಾಗುತ್ತದೆ.

ಇನ್ನೊಂದು ಎಚ್ಚರ. 2018ರಲ್ಲಿ ನಮ್ಮ ರಾಜ್ಯಕ್ಕೆ ಫಾಲ್ ಸೈನಿಕ ಹುಳು ಬಂದಾಗಿನಿಂದ ಸುಳಿಗೆ ಔಷಧಿ ಹೊಡೆಯದ ಗೋವಿನಜೋಳವೇ ಕಡಿಮೆ. ಮೇವಿಗೆ ಕೊಯ್ಯುವ ಹೊಲವನ್ನು ಬಿತ್ತುವಾಗಲೇ ಗುರುತು ಮಾಡಿಟ್ಟು, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯದೆ ಅಲ್ಲಿ ಕುಡುಗೋಲು ಆಡಿಸುವುದಿಲ್ಲ. ದನ ತಿಂದದ್ದು ಹಾಲಿಗೆ ಬರುತ್ತದೆ, ಆ ಹಾಲು ಯಾರದೋ ಮನೆಯ ಮಗು ಕುಡಿಯುತ್ತದೆ.

ಗುಂಡಿಯ ಲೆಕ್ಕವನ್ನು ಬಹಳ ಜನ ತಲೆಕೆಳಗು ಮಾಡುತ್ತಾರೆ. ಎಷ್ಟು ಮೇವು ಹಿಡಿಯುತ್ತದೆ ಅಂತ ಮೊದಲು ಕೇಳುತ್ತಾರೆ. ದಿನಕ್ಕೆ ಎಷ್ಟು ತೆಗೆಯುತ್ತೇವೆ ಅಂತ ಮೊದಲು ಕೇಳಬೇಕು. ಒಮ್ಮೆ ಬಾಯಿ ತೆರೆದರೆ ಗಾಳಿ ಒಳಗೆ ನುಗ್ಗುತ್ತದೆ. ನಮ್ಮ ಬಿಸಿಲಿಗೆ ದಿನಕ್ಕೆ ಕನಿಷ್ಠ ನಾಲ್ಕು ಇಂಚು ದಪ್ಪ ಕಡಿದು ತೆಗೆಯದಿದ್ದರೆ ತೆರೆದ ಮುಖ ಬಿಸಿಯಾಗಿ ಬೂಸಲು ಹಿಡಿಯುತ್ತದೆ. ಹತ್ತು ದನಕ್ಕೆ ತಲಾ 20 ಕೆ.ಜಿ. ಅಂದರೆ ದಿನಕ್ಕೆ 200 ಕೆ.ಜಿ. ಚೆನ್ನಾಗಿ ತುಳಿದ ಮೇವು ಒಂದು ಘನ ಅಡಿಗೆ ಸುಮಾರು 17 ಕೆ.ಜಿ. ತೂಗುತ್ತದೆ. ಹಾಗಾಗಿ ಅಗಲ 7 ಅಡಿ, ಎತ್ತರ 5 ಅಡಿ ಇಟ್ಟರೆ ದಿನಕ್ಕೆ ನಾಲ್ಕು ಇಂಚು ಸರಿಯಾಗಿ ಖಾಲಿಯಾಗುತ್ತದೆ. ಇದಕ್ಕಿಂತ ಕಿರಿದು ಮಾಡಿದರೆ ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ. ಉದ್ದ 24 ಅಡಿಯಂತೆ ಎರಡು. ಎರಡೂ ಸೇರಿ ಸುಮಾರು 28 ಟನ್, ನಾಲ್ಕು ತಿಂಗಳಿಗೆ ಆಗಿ ಸ್ವಲ್ಪ ಉಳಿಯುತ್ತದೆ. ಒಂದೇ ದೊಡ್ಡದನ್ನು ಕಟ್ಟಬಹುದಿತ್ತಲ್ಲ ಅನ್ನುವವರಿಗೆ ನನ್ನ ಉತ್ತರ: ಒಂದು ಗುಂಡಿ ಒಂದು ಹಗಲಿನಲ್ಲಿ ತುಂಬಿ ಮುಚ್ಚುವಷ್ಟೇ ಇರಬೇಕು.

ಗುಂಡಿ ಅನ್ನುತ್ತೇನೆ, ಆದರೆ ನಮ್ಮದು ನೆಲದ ಮೇಲಿನದು. ನಮ್ಮ ಹಿತ್ತಲು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಗೆದ ಗುಂಡಿಯ ಗೋಡೆ ಬಿರುಕು ಬಿಟ್ಟರೆ ನೀರೂ ಗಾಳಿಯೂ ಒಳಗೆ. ಮಸಾರಿ (ಕೆಂಪು ಮಣ್ಣಿನ) ಹೊಲದವರು ಎತ್ತರದ ಜಾಗ ನೋಡಿ ಧೈರ್ಯವಾಗಿ ಅಗೆಯಬಹುದು. ನಾವು ಎರಡು ಬದಿಗೆ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸಿ, ಟ್ರ್ಯಾಕ್ಟರ್ ಒತ್ತಡಕ್ಕೆ ಗೋಡೆ ಹೊರಗೆ ಬಾಗದಿರಲೆಂದು ಹೊರಬದಿಗೆ ಮಣ್ಣು ಏರಿಸಿದ್ದೇವೆ. ನೆಲಕ್ಕೆ ಕಾಂಕ್ರೀಟು, ಒಂದು ಕಡೆಗೆ ಸ್ವಲ್ಪ ಇಳಿಜಾರು. ಎರಡೂ ತುದಿ ತೆರೆದೇ ಇರುತ್ತವೆ.

ತುಂಬುವ ದಿನ ಮನೆಯವರಷ್ಟೇ ಸಾಲುವುದಿಲ್ಲ. ಮುಯ್ಯಾಳು ಬರುತ್ತಾರೆ, ಅವರ ಹೊಲದ ಬಿತ್ತನೆಗೆ, ಮೆಣಸಿನಕಾಯಿ ಬಿಡಿಸಲು ನಾವು ಹೋಗುತ್ತೇವೆ. ಕೊಚ್ಚುವ ಯಂತ್ರ ಟ್ರ್ಯಾಕ್ಟರ್‌ನಿಂದ ಓಡುವುದು. ಅಂಥದ್ದನ್ನು ಮೊದಲು ನೋಡಿದ್ದು ಧಾರವಾಡದ ಕೃಷಿ ಮೇಳದಲ್ಲಿ. ಹಿಂದಿನ ರಾತ್ರಿಯೇ ಬ್ಲೇಡು ಮಸೆದಿಡುತ್ತಾರೆ ನಮ್ಮ ಮನೆಯವರು. ಮೊಂಡು ಬ್ಲೇಡು ದಂಟನ್ನು ಕತ್ತರಿಸದೆ ಸೀಳುತ್ತದೆ. ತುಂಡು ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು, ಕಾಳು ಒಂದೊಂದೂ ಒಡೆದಿರಬೇಕು. ಒಡೆಯದ ಗಟ್ಟಿ ಕಾಳು ಸೆಗಣಿಯಲ್ಲಿ ಇಡಿಯಾಗಿಯೇ ಹೊರಬರುತ್ತದೆ. ಯಂತ್ರದ ಬಾಯಿಗೆ ಮೇವು ಕೊಡುವ ಹೆಂಗಸರಿಗೆ ನಾನು ಕಟ್ಟುನಿಟ್ಟು: ಸೆರಗು ಸೊಂಟಕ್ಕೆ ಕಟ್ಟಿ, ಮೇಲೊಂದು ಗಂಡಸರ ಅಂಗಿ ತೊಟ್ಟು, ಅದರ ಬಟನ್ ಹಾಕಿಕೊಂಡೇ ನಿಲ್ಲಬೇಕು. ಸಿಕ್ಕಿಕೊಂಡ ದಂಟನ್ನು ಯಂತ್ರ ನಿಲ್ಲಿಸದೆ ಎಳೆಯುವಂತಿಲ್ಲ. ಕೆಲಸ ಒಂದು ಗಳಿಗೆ ತಡವಾದರೆ ಆಗಲಿ.

ಕೊಚ್ಚಿದ್ದನ್ನು ಅರ್ಧ ಅಡಿ ದಪ್ಪಕ್ಕೆ ಹರವಿ, ಅದರ ಮೇಲೆ ಟ್ರ್ಯಾಕ್ಟರ್ ಹಿಂದೆ ಮುಂದೆ ಓಡಿಸುತ್ತೇವೆ, ನಡೆಯುವ ವೇಗದಲ್ಲಿ. ಒಳಗೆ ಬಿಡುವ ಮೊದಲು ಟೈರು ತೊಳೆಯಬೇಕು. ಕೆಸರಿನ ಜೊತೆ ಬರುವ ಜೀವಾಣುಗಳೇ ಮೇವನ್ನು ಕೊಳೆಸಿ ನಾತ ಹುಟ್ಟಿಸುವುದು. ಗೋಡೆಯ ಅಂಚಿಗೆ ಟೈರು ಮುಟ್ಟುವುದಿಲ್ಲ. ಅಲ್ಲಿ ಕಾಲೇ ಗತಿ. ತೆನೆಗಾಗಿ ನನ್ನೊಡನೆ ಜಗಳವಾಡಿದ ಅತ್ತೆ ಈಗ ಅಂಚು ತುಳಿಯುವ ಕೆಲಸ ಯಾರಿಗೂ ಬಿಡುವುದಿಲ್ಲ. ಗೋಡೆ ಹಿಡಿದುಕೊಂಡು ಹಿಮ್ಮಡಿ ಒತ್ತಿ ಒತ್ತಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುತ್ತಾರೆ, ತುಳಿದ ಜಾಗಕ್ಕೆ ಬಗ್ಗಿ ಬೆರಳು ಚುಚ್ಚಿ ನೋಡುತ್ತಾರೆ. ಬೆರಳು ಸಲೀಸಾಗಿ ಇಳಿದರೆ "ಇಲ್ಲಿ ಇನ್ನೂ ಗಾಳಿ ಐತಿ" ಅಂತ ಮತ್ತೆ ಅಲ್ಲೇ. ಅವರ ಬೆರಳಿನ ಮೇಲೆ ನನಗೆ ಪೂರ್ತಿ ನಂಬಿಕೆ.

ಗಾಳಿಯ ಮೇಲೆ ಇಷ್ಟು ಹಟ ಏಕೆಂದರೆ, ಎಲೆಯ ಮೇಲೆಯೇ ಇರುವ ಒಂದು ಜಾತಿಯ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆ ಗಿಡದ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4ರ ಆಸುಪಾಸಿಗೆ ಬಂದ ಮೇಲೆ, ಗಾಳಿ ಇಲ್ಲದಿದ್ದರೆ, ಮೇವು ಕೊಳೆಸುವ ಜೀವಾಣುಗಳು ಅಲ್ಲಿ ಬೆಳೆಯುವುದಿಲ್ಲ, ಮೇವು ಇದ್ದ ಹಾಗೇ ನಿಲ್ಲುತ್ತದೆ. ಗಾಳಿ ಉಳಿದರೆ ಆ ಸಕ್ಕರೆ ಶಾಖವಾಗಿ ಸುಟ್ಟುಹೋಗುತ್ತದೆ.

ಗೋಡೆಗಿಂತ ಒಂದಡಿ ಮೇಲೆ ಬರುವಂತೆ ಡುಬ್ಬವಾಗಿ ತುಂಬುತ್ತೇವೆ, ಯಾಕೆಂದರೆ ಅದು ಕುಸಿಯುತ್ತದೆ, ಮಳೆ ನೀರೂ ಜಾರಿ ಹೋಗಬೇಕು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತಾಡಪತ್ರಿ, ಹಳೆ ಟೈರು, ಅಂಚಿಗೆ ಮಣ್ಣು ತುಂಬಿದ ಗೊಬ್ಬರದ ಚೀಲ. ಕತ್ತಲಾದರೂ ಸರಿ, ಮುಚ್ಚದೆ ಯಾರೂ ಊಟಕ್ಕೆ ಕೂರುವುದಿಲ್ಲ. ಆಮೇಲೆ ವಾರಕ್ಕೊಮ್ಮೆ ಸುತ್ತು ಹಾಕಿ ಇಲಿ, ನಾಯಿ, ಕಾಗೆ ತೂತು ಮಾಡಿದ್ದರೆ ಟೇಪು ಹಚ್ಚುವುದು ಮಕ್ಕಳ ಕೆಲಸ.

45 ದಿನ ಕಳೆದರೆ ತೆರೆಯಬಹುದು. ನಾವು ಹಸಿಮೇವು ಮುಗಿಯುವ ತನಕ ಮುಟ್ಟುವುದಿಲ್ಲ. ಒಳ್ಳೆಯ ರಸಮೇವಿನ ಬಣ್ಣ ಹಸಿರು ಮಿಶ್ರಿತ ಹಳದಿ, ವಾಸನೆ ಹುಳಿ ಬಂದ ದೋಸೆಹಿಟ್ಟಿನದು. ಮುಖವನ್ನು ಮೇಲಿಂದ ಕೆಳಗೆ ನೇರವಾಗಿ ಕಡಿಯಬೇಕು, ಅಲ್ಲಲ್ಲಿ ಬಗೆಯಬಾರದು. ಮೊದಲ ದಿನ ದನಕ್ಕೆ ಐದು ಕೆ.ಜಿ. ಸಾಕು, ವಾರ ಹತ್ತು ದಿನದಲ್ಲಿ 20ಕ್ಕೆ ಏರಿಸುವುದು. ಎಮ್ಮೆಗಳು ಮೊದಲು ಮೂಸಿ ಮುಖ ತಿರುಗಿಸುತ್ತವೆ. ಮೇಲೆ ಒಂದು ಹಿಡಿ ಹಿಂಡಿ ಉದುರಿಸಿದರೆ ಸಾಕು. ಕಣಿಕೆಯನ್ನು ಪೂರ್ತಿ ಬಿಡಬಾರದು, ಮೆಲುಕಿಗೆ ಮೂರು ನಾಲ್ಕು ಕೆ.ಜಿ. ಬೇಕೇ ಬೇಕು. ಹಾಲು ಹಿಂಡಿದ ಮೇಲೆಯೇ ರಸಮೇವು ಹಾಕುತ್ತೇವೆ, ಇಲ್ಲದಿದ್ದರೆ ಹುಳಿ ವಾಸನೆ ಹಾಲಿಗೆ ಹತ್ತುತ್ತದೆ.

ಎಷ್ಟು ಎಚ್ಚರ ವಹಿಸಿದರೂ ಅಂಚಿನಲ್ಲಿ ಅಲ್ಲಲ್ಲಿ ಬೂಸಲು ಕಟ್ಟಿದ ಉಂಡೆ ಸಿಗುತ್ತದೆ. ಅದನ್ನು "ಒಣಗಿಸಿ ಹಾಕಿದರಾಯ್ತು" ಅನ್ನುವವರ ಮಾತು ಕೇಳಬೇಡಿ. ಬೂಸಲಿನ ವಿಷ ಬಿಸಿಲಿಗೆ ಹೋಗುವುದಿಲ್ಲ, ಹಾಲಿಗೆ ಇಳಿಯುತ್ತದೆ. ಕೆಟ್ಟ ರಸಮೇವು ತಿಂದ ಗಬ್ಬದ ದನ ಕಂದು ಹಾಕುವುದೂ (ಗರ್ಭಪಾತವಾಗುವುದೂ) ಉಂಟು. ನಮ್ಮಲ್ಲಿ ಮೇವು ತೆಗೆಯುವಾಗ ಪಕ್ಕದಲ್ಲೊಂದು ಬುಟ್ಟಿ ಇರುತ್ತದೆ. ಅನುಮಾನ ಬಂದದ್ದೆಲ್ಲ ಆ ಬುಟ್ಟಿಗೆ, ಅಲ್ಲಿಂದ ನೇರ ತಿಪ್ಪೆಗೆ.